ವಂಶವಾಹಿ, ಮೈಟೋಕಾಂಡ್ರಿಯ ಮತ್ತು ನರಕೋಶದ ಆರೋಗ್ಯ: ಮುಂಬಯಿ ಪಾರ್ಸಿ ಸಮುದಾಯದ ನಿದರ್ಶನ

1988ರಲ್ಲಿ ಅಮೆರಿಕದ ನರವಿಜ್ಞಾನ ಪತ್ರಿಕೆಯೊಂದರಲ್ಲಿ ಮುಂಬಯಿಗೆ ಸಂಬಂಧಿಸಿದ ಒಂದು ಸಮೀಕ್ಷೆ ಪ್ರಕಟವಾಯಿತು. ಎನ್. ಇ. ಭರೂಚಾ ಮತ್ತು ಅವರ ಸಹೋದ್ಯೋಗಿಗಳು ನಗರದ ಪಾರ್ಸಿ ವಸತಿಗಳಲ್ಲಿ ಮನೆಮನೆಗೂ ಹೋಗಿ ನಡೆಸಿದ ಅಧ್ಯಯನವದು. ಒಟ್ಟು 14,010 ಜನರಲ್ಲಿ 46 ಮಂದಿಗೆ ಪಾರ್ಕಿನ್ಸನ್ ರೋಗವಿರುವುದನ್ನು, ಎಂದರೆ ನಮ್ಮ ವೈದ್ಯಪರಂಪರೆ ಕಂಪವಾತವೆಂದು ಕರೆದ ಬಗೆಯ ವ್ಯಾಧಿ ಇರುವುದನ್ನು ಅವರು ಗುರುತಿಸಿದರು. ಲಕ್ಷಕ್ಕೆ ಲೆಕ್ಕ ಹಾಕಿದರೆ ಇದು 328 ಆಗುತ್ತದೆ. 2004ರಲ್ಲಿ ಎಂ. ಗೌರಿದೇವಿ ಮತ್ತು ಸಂಗಡಿಗರು ಬೆಂಗಳೂರು ನಗರ ಹಾಗೂ ಗ್ರಾಮಾಂತರ ಭಾಗದ ಲಕ್ಷಕ್ಕೂ ಮೀರಿದ ಜನರನ್ನು ಕುರಿತ ಸಮೀಕ್ಷೆಯನ್ನು ಪ್ರಕಟಿಸಿದಾಗ ಅಲ್ಲಿ ಕಂಡ ಪ್ರಮಾಣ ಲಕ್ಷಕ್ಕೆ 33 ಮಾತ್ರ.

ಈ ಹತ್ತು ಪಟ್ಟಿನ ಅಂತರಕ್ಕೆ ಕಾರಣವೇನು? ಸಿದ್ಧವಾಗಿರುವ ಉತ್ತರವೊಂದುಂಟು: ಚಿಕ್ಕ ಸಮುದಾಯ, ಶತಮಾನಗಳಿಂದ ತನ್ನೊಳಗೇ ಕೊಟ್ಟು ತಂದುಕೊಂಡದ್ದು, ಆದ್ದರಿಂದ ದೋಷ ರಕ್ತದಲ್ಲಿಯೇ ಇದೆ ಎಂಬುದು. ಸಮುದಾಯಗಳ ಚರಿತ್ರೆಯನ್ನು ಗ್ರಂಥ, ಶಾಸನಗಳ ಮೂಲಕ ಅಭ್ಯಸಿಸುವ ನಮ್ಮಂಥವರೂ ಇಂಥ ಮಾತನ್ನು ಪರೀಕ್ಷಿಸದೆ ಎತ್ತಿಕೊಳ್ಳುವುದುಂಟು. ವಂಶವಾಹಿ, ಮೈಟೋಕಾಂಡ್ರಿಯ ಮತ್ತು ನರಕೋಶ ಇವುಗಳ ಸಂಬಂಧವನ್ನು ವಿವರಿಸಿ, ಈ ಉತ್ತರ ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಗಮನಿಸಬೇಕಾದುದು ವಯಸ್ಸನ್ನು. 2001ರ ಜನಗಣತಿಯಂತೆ ಭಾರತದ ಪಾರ್ಸಿಗಳ ಸಂಖ್ಯೆ 69,601. ಅವರಲ್ಲಿ 60 ವರ್ಷ ಮೀರಿದವರು ಶೇಕಡ 31ರಷ್ಟಿದ್ದರು. ಇಡೀ ದೇಶದಲ್ಲಿ ಆ ಪ್ರಮಾಣ ಶೇಕಡ 7.5ರ ಆಸುಪಾಸಿನಲ್ಲಿತ್ತು. ಪಾರ್ಕಿನ್ಸನ್ ರೋಗ ಮುಖ್ಯವಾಗಿ ಇಳಿವಯಸ್ಸಿನದು. ವೃದ್ಧರು ಹೆಚ್ಚಾಗಿರುವ ಸಮುದಾಯದಲ್ಲಿ ಅದು ಹೆಚ್ಚು ಕಾಣುವುದು ಸಹಜ. ಆದಕಾರಣ ಮೇಲಿನ ಎರಡು ಅಂಕಿಗಳನ್ನು ವಯಸ್ಸಿನ ಹಂಚಿಕೆಯನ್ನು ಸರಿದೂಗಿಸದೆ ಎದುರುಬದುರು ಇಡುವಂತಿಲ್ಲ. ಆದರೆ ವಯಸ್ಸು ಎಂದೊಡನೆ ವಂಶವಾಹಿಯ ವಿಚಾರ ಮುಗಿಯುವುದಿಲ್ಲ. ವಯಸ್ಸು ನರಕೋಶವನ್ನು ಹೇಗೆ ಬಾಧಿಸುತ್ತದೆಂಬ ಪ್ರಶ್ನೆಯೇ ನಮ್ಮನ್ನು ಮೈಟೋಕಾಂಡ್ರಿಯಕ್ಕೆ ಕರೆದೊಯ್ಯುತ್ತದೆ.

ಮೈಟೋಕಾಂಡ್ರಿಯ ಎಂಬ ಹೆಸರನ್ನು 1898ರಲ್ಲಿ ಜರ್ಮನಿಯ ಕಾರ್ಲ್ ಬೆಂಡಾ ಕೊಟ್ಟನು. ಗ್ರೀಕಿನಲ್ಲಿ ನೂಲು, ಕಾಳು ಎಂಬ ಎರಡು ಪದಗಳನ್ನು ಕೂಡಿಸಿ ಮಾಡಿದ ಸಮಾಸವದು. ಜೀವಕೋಶದೊಳಗೆ ಕೆಲವೊಮ್ಮೆ ನೂಲಿನಂತೆ, ಕೆಲವೊಮ್ಮೆ ಕಾಳಿನಂತೆ ತೋರುವ ಈ ಅಂಗಗಳು ಆಹಾರದಿಂದ ಬಂದ ಅಂಶವನ್ನು ಆಮ್ಲಜನಕದೊಡನೆ ಸೇರಿಸಿ ಕೋಶಕ್ಕೆ ಬೇಕಾದ ಶಕ್ತಿಯನ್ನು ಒದಗಿಸುತ್ತವೆ. ಇವಕ್ಕೆ ತಮ್ಮದೇ ಆದ ಕಿರಿದಾದ ಡಿಎನ್ಎ ಉಂಟು. 1981ರಲ್ಲಿ ಕೇಂಬ್ರಿಜಿನ ವಿಜ್ಞಾನಿಗಳು ಅದನ್ನು ಸಂಪೂರ್ಣವಾಗಿ ಓದಿದರು. ಅದರ ಉದ್ದ ಸುಮಾರು 16,569 ಅಕ್ಷರಗಳು. ಅದರಲ್ಲಿರುವ ವಂಶವಾಹಿಗಳು 37. ಅವುಗಳಲ್ಲಿ ಪ್ರೋಟೀನನ್ನು ರೂಪಿಸುವವು 13 ಮಾತ್ರ. ಮೈಟೋಕಾಂಡ್ರಿಯಕ್ಕೆ ಬೇಕಾದ ಉಳಿದ ಸಾವಿರಕ್ಕೂ ಹೆಚ್ಚು ಪ್ರೋಟೀನುಗಳ ಪಾಠವಿರುವುದು ಕೋಶಕೇಂದ್ರದ ಡಿಎನ್ಎಯಲ್ಲಿ.

ಹೀಗೆ ಒಂದೇ ಕಾರ್ಯಕ್ಕೆ ಎರಡು ಗ್ರಂಥಗಳ ಆಧಾರ ಬೇಕಾಗುತ್ತದೆ. ಶಕ್ತಿಯನ್ನು ತಯಾರಿಸುವ ಸರಣಿಯಲ್ಲಿ ಮೊದಲನೆಯದಾದ ‘ಸಂಕೀರ್ಣ 1’ ಎಂಬ ವ್ಯವಸ್ಥೆಯನ್ನೇ ತೆಗೆದುಕೊಳ್ಳಬಹುದು. ಅದರ ಸುಮಾರು 45 ಘಟಕಗಳಲ್ಲಿ 7 ಮೈಟೋಕಾಂಡ್ರಿಯದ ಡಿಎನ್ಎಯಿಂದ ಬರುತ್ತವೆ, ಉಳಿದವು ಕೋಶಕೇಂದ್ರದಿಂದ. ಎರಡೂ ಪಾಠಗಳು ಒಂದಕ್ಕೊಂದು ಹೊಂದಿಕೊಂಡಿದ್ದರೆ ಮಾತ್ರ ಕೆಲಸ ಸಾಗುತ್ತದೆ.

ಈ ಎರಡು ಗ್ರಂಥಗಳು ನಮಗೆ ಬರುವ ದಾರಿಯೂ ಬೇರೆ ಬೇರೆ. ಕೋಶಕೇಂದ್ರದ ಡಿಎನ್ಎ ತಂದೆತಾಯಿಗಳಿಬ್ಬರಿಂದಲೂ ಬರುತ್ತದೆ. ಮೈಟೋಕಾಂಡ್ರಿಯದ ಡಿಎನ್ಎ ತಾಯಿಯಿಂದ ಬರುತ್ತದೆ. ಮುಂಬಯಿ ಕನ್ನಡಿಗರಲ್ಲಿ ಹಲವರ ಮೂಲನೆಲೆಯಾದ ತುಳುನಾಡಿನ ಅಳಿಯಸಂತಾನ ಪದ್ಧತಿಯನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಅಲ್ಲಿ ಗಂಡುಮಗ ತಾಯಿಯ ಬಳಿಗೆ ಸೇರಿದವನು, ಆದರೆ ಅವನ ಮಕ್ಕಳು ಅವನ ಬಳಿಗೆ ಸೇರಿದವರಲ್ಲ. ಹಾಗೆಯೇ ಗಂಡಸು ತಾಯಿಯ ಮೈಟೋಕಾಂಡ್ರಿಯವನ್ನು ಪಡೆಯುತ್ತಾನೆ, ಮಕ್ಕಳಿಗೆ ಕೊಡುವುದಿಲ್ಲ. ಗ್ರಂಥಸಂಪಾದನೆಯ ಮಾತಿನಲ್ಲಿ ಹೇಳುವುದಾದರೆ ಇಲ್ಲಿ ಅಕ್ಷರಶಃ ಮಾತೃಪ್ರತಿ ಒಂದೇ.

ಮೈಟೋಕಾಂಡ್ರಿಯ ಕೆಟ್ಟಾಗ ಮಿದುಳು ಏಕೆ ಮೊದಲು ಬಾಧೆಗೊಳಗಾಗುತ್ತದೆ? ದೇಹದ ತೂಕದಲ್ಲಿ ಶೇಕಡ 2ರಷ್ಟಿರುವ ಮಿದುಳು ವಿಶ್ರಾಂತಿಯಲ್ಲಿರುವ ದೇಹದ ಶಕ್ತಿವ್ಯಯದಲ್ಲಿ ಶೇಕಡ 20ರಷ್ಟನ್ನು ಬಳಸುತ್ತದೆ. ಅದರಲ್ಲಿಯೂ ನಡುಮಿದುಳಿನ ಕಪ್ಪು ಪ್ರದೇಶದಲ್ಲಿದ್ದು ಡೋಪಮೈನ್ ಎಂಬ ರಾಸಾಯನಿಕವನ್ನು ಒದಗಿಸುವ ನರಕೋಶಗಳ ದುಡಿಮೆ ಅಸಾಧಾರಣವಾದುದು. ಇಲಿಯ ಮಿದುಳಿನಲ್ಲಿ ಇಂಥ ಒಂದೇ ಕೋಶದ ಕವಲುಗಳನ್ನು ಕೂಡಿಸಿದರೆ ಸುಮಾರು ಅರ್ಧ ಮೀಟರಾಗುತ್ತದೆ. ಅಷ್ಟು ದೂರಕ್ಕೂ ಶಕ್ತಿ ಪೂರೈಕೆಯಾಗಬೇಕು. ಸತ್ತ ನರಕೋಶದ ಸ್ಥಾನವನ್ನು ತುಂಬಲು ಹೊಸದು ಹುಟ್ಟುವುದೂ ಇಲ್ಲ. ಇವು ಅಳಿದಂತೆಲ್ಲ ಕೈ ನಡುಕ, ಬಿಗಿತ, ಚಲನೆಯ ಮಾಂದ್ಯ ಕಾಣಿಸಿಕೊಳ್ಳುತ್ತವೆ.

ಈ ಸಂಬಂಧ ಬೆಳಕಿಗೆ ಬಂದದ್ದು ಒಂದು ದುರಂತದಿಂದ. 1982ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಕಲಬೆರಕೆಯ ಮಾದಕವಸ್ತುವನ್ನು ಚುಚ್ಚಿಕೊಂಡ ಕೆಲವು ತರುಣರು ಮರಗಟ್ಟಿದಂತಾದರು. ಅದರಲ್ಲಿದ್ದ ಎಂಪಿಟಿಪಿ ಎಂಬ ವಸ್ತು ಮಿದುಳಿನಲ್ಲಿ ಮಾರ್ಪಟ್ಟು, ಡೋಪಮೈನ್ ಕೋಶಗಳನ್ನು ಹೊಕ್ಕು, ‘ಸಂಕೀರ್ಣ 1’ನ್ನು ತಡೆಯುತ್ತದೆಂಬುದು ಮುಂದೆ ಸಿದ್ಧವಾಯಿತು. 1989ರಲ್ಲಿ ಲಂಡನ್ನಿನ ಸಂಶೋಧಕರು ರೋಗಿಗಳ ಮಿದುಳಿನ ಅದೇ ಭಾಗದಲ್ಲಿ ಅದೇ ವ್ಯವಸ್ಥೆ ದುರ್ಬಲವಾಗಿರುವುದನ್ನು ತೋರಿಸಿದರು. 1998ರಲ್ಲಿ ಜಪಾನಿನಲ್ಲಿ ಪಾರ್ಕಿನ್ ಎಂಬ ವಂಶವಾಹಿಯೂ 2004ರಲ್ಲಿ ಯೂರೋಪಿನ ಕುಟುಂಬಗಳಲ್ಲಿ ಪಿಂಕ್ 1 ಎಂಬುದೂ ಪತ್ತೆಯಾದವು. ಎರಡೂ ಕೋಶಕೇಂದ್ರದವು. ಕೆಟ್ಟ ಮೈಟೋಕಾಂಡ್ರಿಯದ ಮೇಲೆ ಪಿಂಕ್ 1 ಸೇರಿಕೊಂಡು ಪಾರ್ಕಿನ್ನನ್ನು ಕರೆಯುತ್ತದೆ. ಪಾರ್ಕಿನ್ ಅದಕ್ಕೆ ಗುರುತು ಹಾಕುತ್ತದೆ. ಕೋಶ ಅದನ್ನು ವಿಲೇವಾರಿ ಮಾಡುತ್ತದೆ. ಈ ಕಾರ್ಯಕ್ರಮ 2008ರಿಂದೀಚಿನ ಪ್ರಯೋಗಗಳಿಂದ ಸ್ಪಷ್ಟವಾಗಿದೆ. ವಿಲೇವಾರಿ ನಿಂತರೆ ಕೆಟ್ಟವು ಉಳಿದು ಕೋಶವನ್ನು ಕೆಡಿಸುತ್ತವೆ.

ಈಗ ಒಳವಿವಾಹದ ವಾದವನ್ನು ಪರೀಕ್ಷಿಸಬಹುದು. ಪಾರ್ಕಿನ್, ಪಿಂಕ್ 1 ದೋಷಗಳು ರೋಗವಾಗಿ ತೋರಬೇಕಾದರೆ ಸಾಮಾನ್ಯವಾಗಿ ತಂದೆ, ತಾಯಿ ಇಬ್ಬರಿಂದಲೂ ದೋಷದ ಪ್ರತಿ ಬರಬೇಕು. ಸಮುದಾಯದೊಳಗಣ ವಿವಾಹದಿಂದ ಇದರ ಸಂಭವ ಹೆಚ್ಚುವುದು ನಿಜ. ಆದರೆ ಇಂಥ ರೋಗ ಬಹುಮಟ್ಟಿಗೆ ನಲವತ್ತರ ಆಸುಪಾಸಿನಲ್ಲಿ ಅಥವಾ ಅದಕ್ಕೂ ಮೊದಲೇ ತಲೆದೋರುತ್ತದೆ. ಮುಂಬಯಿಯ ಸಮೀಕ್ಷೆಯಲ್ಲಿಯಾದರೋ ರೋಗದ ಪ್ರಮಾಣ ವಯಸ್ಸಿನೊಡನೆ ಏರುತ್ತದೆ. ಅಲ್ಲದೆ ಬಹುಪಾಲು ರೋಗಿಗಳಲ್ಲಿ ಯಾವುದೇ ಒಂದು ವಂಶವಾಹಿಯ ದೋಷವನ್ನು ಕಾರಣವೆಂದು ಎತ್ತಿ ತೋರಿಸಲಾಗದು.

ಹಾಗಾದರೆ ಮಾತೃಪ್ರತಿಯ ದೋಷವೆನ್ನಬಹುದೆ? ಇಲ್ಲಿ ಚರಿತ್ರೆ ಅಡ್ಡಬರುತ್ತದೆ. ಇರಾನಿನಿಂದ ಬಂದ ಪೂರ್ವಿಕರು ಗುಜರಾತಿನ ಸಂಜಾಣದಲ್ಲಿ ನೆಲೆಸಿದ ವೃತ್ತಾಂತವನ್ನು 1600ರ ಸುಮಾರಿಗೆ ಬಹಮನ್ ಕೈಕೋಬಾದ್ ‘ಕಿಸ್ಸಾ-ಇ-ಸಂಜಾಣ್’ ಎಂಬ ಪಾರಸಿ ಪದ್ಯಗ್ರಂಥದಲ್ಲಿ ನಿರೂಪಿಸಿದ್ದಾನೆ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸಂಜಾಣದ ಉತ್ಖನನದಲ್ಲಿ ದೊರೆತ ಪ್ರಾಚೀನ ಅಸ್ಥಿಗಳ ಮೈಟೋಕಾಂಡ್ರಿಯ ಶಾಖೆಗಳಲ್ಲಿ ಶೇಕಡ 48ರಷ್ಟು ದಕ್ಷಿಣ ಏಷ್ಯಕ್ಕೇ ವಿಶಿಷ್ಟವಾದವೆಂದು ಕಂಡುಬಂದಿತು. ನೆಲೆಸಿದ ಮೊದಲ ಕಾಲದಲ್ಲಿ ಇಲ್ಲಿಯ ಸ್ತ್ರೀಯರು ಆ ಸಮುದಾಯವನ್ನು ಸೇರಿರಬೇಕೆಂದು ಸಂಶೋಧಕರ ಊಹೆ. 1908ರಲ್ಲಿ ಮುಂಬಯಿ ಹೈಕೋರ್ಟು ಪೆಟಿಟ್–ಜೀಜೀಭಾಯ್ ಮೊಕದ್ದಮೆಯಲ್ಲಿ ಪಾರ್ಸಿ ಎಂಬುದನ್ನು ನಿರ್ವಚಿಸುವಾಗ ತಂದೆಯ ಕಡೆಯ ಸಂತತಿಯನ್ನು ಆಧಾರವಾಗಿ ಹಿಡಿಯಿತು. ನ್ಯಾಯ ಎಣಿಸಿದ್ದು ತಂದೆಯಿಂದ, ಮೈಟೋಕಾಂಡ್ರಿಯ ಎಣಿಸುವುದು ತಾಯಿಯಿಂದ. ಆದುದರಿಂದ ‘ಪಾರ್ಸಿ ಮೈಟೋಕಾಂಡ್ರಿಯ’ ಎಂಬ ಒಂದೇ ವಸ್ತುವಿಲ್ಲ. ಇರುವುದು ಹಲವು ಶಾಖೆಗಳು.

ಆ ಶಾಖೆಗಳನ್ನು ಒಂದೊಂದಾಗಿ ಓದುವ ಕಾರ್ಯ ಬೆಂಗಳೂರಿನಲ್ಲಿ ಆರಂಭವಾದದ್ದು ಗಮನಾರ್ಹ. ಅಲ್ಲಿಯ ಅವೆಸ್ತಾಜೆನ್ ಸಂಸ್ಥೆಯ ಅವೆಸ್ತಾಜೀನೋಮ್ ಯೋಜನೆಯವರು 100 ಪಾರ್ಸಿಗಳ ಮೈಟೋಕಾಂಡ್ರಿಯ ಡಿಎನ್ಎಯನ್ನು ಓದಿ, 2020ರಲ್ಲಿ ಆ ಸಮುದಾಯದ ಆಧಾರಪಾಠವೊಂದನ್ನು ಪ್ರಕಟಿಸಿದರು. ಇಂಥ ಪಾಠ ಅವಶ್ಯಕ. ಯೂರೋಪಿನ ವ್ಯಕ್ತಿಯೊಬ್ಬರ ಪಾಠವನ್ನೇ ಪ್ರಮಾಣವಾಗಿಟ್ಟುಕೊಂಡರೆ ಇಲ್ಲಿಯ ಸಹಜ ಪಾಠಾಂತರಗಳೆಲ್ಲ ದೋಷಗಳಂತೆ ತೋರುವ ಅಪಾಯವಿದೆ. ಆದರೆ ಯಾವುದಾದರೊಂದು ಪಾಠಾಂತರ ರೋಗದೊಡನೆ ಕಾಣಿಸಿಕೊಂಡ ಮಾತ್ರಕ್ಕೆ ಅದೇ ಕಾರಣವೆನ್ನಲಾಗದು. ಯೂರೋಪ್ ಮೂಲದವರಲ್ಲಿ ಜೆ, ಕೆ ಎಂಬ ಶಾಖೆಗಳವರಿಗೆ ಈ ರೋಗ ಕಡಿಮೆಯೆಂದು 2003ರಲ್ಲಿ ವರದಿಯಾದದ್ದು ಮುಂದಿನ ಎಲ್ಲ ಅಧ್ಯಯನಗಳಲ್ಲಿ ಸಮನಾಗಿ ಕಂಡುಬರಲಿಲ್ಲ.

ಇನ್ನೆರಡು ಅಂಶಗಳನ್ನು ಮರೆಯಬಾರದು. ಒಂದು, ಹುಟ್ಟಿದ ಮೇಲೆ ಆಗುವ ಲೋಪಗಳು. ಒಂದೊಂದು ನರಕೋಶದಲ್ಲಿಯೂ ಮೈಟೋಕಾಂಡ್ರಿಯ ಡಿಎನ್ಎಯ ಅಸಂಖ್ಯ ಪ್ರತಿಗಳಿರುತ್ತವೆ. ವಯಸ್ಸಾದಂತೆ ನಡುಮಿದುಳಿನ ಕಪ್ಪು ಪ್ರದೇಶದ ಕೋಶಗಳಲ್ಲಿ ಭಾಗಗಳು ಬಿಟ್ಟುಹೋದ ಪ್ರತಿಗಳು ಬಹಳವಾಗಿ ಕೂಡಿಕೊಳ್ಳುತ್ತವೆಂದು 2006ರ ಎರಡು ಅಧ್ಯಯನಗಳು ತೋರಿಸಿದವು. ಇವು ವಂಶದಿಂದ ಬಂದವಲ್ಲ, ಆಯುಷ್ಯದಿಂದ ಬಂದವು. ಎರಡು, ಆಚಾರ. ಅಗ್ನಿಯನ್ನು ಪವಿತ್ರವೆಂದು ಭಾವಿಸುವ ಪಾರ್ಸಿಗಳಲ್ಲಿ ಧೂಮಪಾನ ನಿಷಿದ್ಧ. ಧೂಮಪಾನಿಗಳಲ್ಲಿ ಈ ರೋಗ ಕಡಿಮೆ ಕಾಣುತ್ತದೆಂದು ಹಲವು ದೇಶಗಳ ಸಮೀಕ್ಷೆಗಳು ಹೇಳುತ್ತವೆ. ಹೊಗೆಬತ್ತಿ ತರುವ ಇತರ ಕೇಡುಗಳ ಮುಂದೆ ಇದು ಅದಕ್ಕೆ ಶಿಫಾರಸಾಗಲಾರದು. ಆದರೆ ಸಮುದಾಯಗಳನ್ನು ಹೋಲಿಸುವಾಗ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಸಂಗತಿ.

ಒಟ್ಟಿನಲ್ಲಿ, ನರಕೋಶದ ಆರೋಗ್ಯ ನಿಂತಿರುವುದು ಎರಡು ಗ್ರಂಥಗಳ ಹೊಂದಾಣಿಕೆಯ ಮೇಲೆ, ಕೆಟ್ಟುದನ್ನು ತೆಗೆದುಹಾಕುವ ಕ್ರಮದ ಮೇಲೆ, ಮತ್ತು ಆಯುಷ್ಯದ ಮೇಲೆ. ಸಮುದಾಯದ ಹೆಸರು ಇವುಗಳಲ್ಲಿ ಯಾವುದನ್ನೂ ತಾನಾಗಿ ಹೇಳುವುದಿಲ್ಲ. 2011ರ ಜನಗಣತಿಯ ವೇಳೆಗೆ 57,264ಕ್ಕೆ ಇಳಿದ ಸಮುದಾಯವೊಂದಕ್ಕೆ ‘ರಕ್ತದೋಷ’ ಎಂಬ ಮಾತನ್ನು ಅಂಟಿಸಿದರೆ ಅದರ ಫಲವನ್ನು ಉಣ್ಣಬೇಕಾದವರು ಮದುವೆಗೆ ನಿಂತಿರುವ ಮಕ್ಕಳು ಮತ್ತು ರೋಗವನ್ನು ಮುಚ್ಚಿಡುವ ಹಿರಿಯರು. ಪಾಠಾಂತರವೆಲ್ಲ ಅಪಪಾಠವಲ್ಲವೆಂಬುದು ಗ್ರಂಥಸಂಪಾದನೆಯ ಮೊದಲ ಪಾಠ. ಸಮುದಾಯಗಳನ್ನು ಕುರಿತು ಬರೆಯುವವರು ಇಲ್ಲಿಯೂ ಅದನ್ನು ಪಾಲಿಸುವುದು ಉಚಿತ.