ತುಡುವೆ ಜೇನಿಗೊಂದು ಮನೆ



ಕಳೆದ ವರ್ಷ ದೀಪಾವಳಿಯ ರಜೆ ಮುಗಿದು ಶಾಲೆ ತೆರೆದ ದಿನ, ನಮ್ಮ ಅಂಗಳದ ಮೂಲೆಯಲ್ಲಿ ಸತ್ತ ಜೇನುಹುಳುಗಳ ರಾಶಿಯೊಂದು ಬಿದ್ದಿದ್ದುದನ್ನು ನಿಮ್ಮಲ್ಲಿ ಅನೇಕರು ಕಂಡಿದ್ದೀರಿ. ಪಕ್ಕದ ಕಟ್ಟಡದ ನೀರಿನ ತೊಟ್ಟಿಯ ಕೆಳಗೆ ಹೆಜ್ಜೇನು ಕಟ್ಟಿತ್ತು. ಹಿಂದಿನ ರಾತ್ರಿ ಅದರ ಮೇಲೆ ವಿಷ ಸಿಂಪಡಿಸಿದ್ದರು. ಆ ಗೂಡನ್ನು ತೆಗೆಸಬೇಕೆಂದು ಕೇಳಿಕೊಂಡವರಲ್ಲಿ ನಾನೂ ಒಬ್ಬನೆಂಬುದನ್ನು ಮುಚ್ಚಿಡದೆ ಹೇಳಬೇಕು. ಮಕ್ಕಳಿಗೆ ಕಚ್ಚೀತೆಂಬ ಭಯ ನನ್ನಿಂದ ಹಾಗೆ ಹೇಳಿಸಿತ್ತು. ಅಂದು ಏಳನೆಯ ತರಗತಿಯ ಬಾಲಕನೊಬ್ಬನು, “ಗುರುಗಳೇ, ಇವನ್ನು ಕೊಲ್ಲುವ ಬದಲು ಪೆಟ್ಟಿಗೆಯಲ್ಲಿಟ್ಟು ಸಾಕಬಹುದಿತ್ತಲ್ಲವೇ?” ಎಂದು ಕೇಳಿದನು. ಗಂಟೆ ಬಾರಿಸಿತೆಂಬ ನೆಪದಿಂದ ನಾನು ಉತ್ತರ ಕೊಡದೆ ತರಗತಿಗೆ ನಡೆದುಬಿಟ್ಟೆ. ಅಂದು ಉಳಿಸಿಕೊಂಡ ಆ ಸಾಲವನ್ನು ಈ ಲೇಖನದಿಂದ ತೀರಿಸಲು ಯತ್ನಿಸುತ್ತೇನೆ.

ಜೇನುಗಳೆಲ್ಲ ಒಂದೇ ಜಾತಿಯವಲ್ಲ. ನಮ್ಮ ನಾಡಿನಲ್ಲಿ ಮುಖ್ಯವಾಗಿ ನಾಲ್ಕು ಬಗೆಯ ಜೇನುಗಳುಂಟು. ಮೊದಲನೆಯದು ಹೆಜ್ಜೇನು. ಇದು ಎತ್ತರದ ಮರಗಳಲ್ಲಿ, ಬಂಡೆಗಳ ಕೆಳಗೆ, ನಗರಗಳಲ್ಲಾದರೆ ಮಹಡಿಗಳ ಹೊರಚಾಚಿನಲ್ಲಿ ಒಂದೇ ಒಂದು ದೊಡ್ಡ ಎರಿಯನ್ನು ಬಯಲಿನಲ್ಲಿ ತೂಗುಬಿಡುತ್ತದೆ. ಹೂವುಗಳ ಕಾಲವನ್ನನುಸರಿಸಿ ಊರಿಂದೂರಿಗೆ ವಲಸೆ ಹೋಗುತ್ತದೆ. ಎರಡನೆಯದು ಕೋಲುಜೇನು, ಪೊದೆಯ ಸಣ್ಣ ಕೊಂಬೆಗೆ ಅಂಗೈಯಗಲದ ಒಂದೇ ಎರಿಯನ್ನು ಕಟ್ಟುವ ಪುಟ್ಟ ಜೇನು. ಮೂರನೆಯದು ಮಿಸರಿ, ಇದನ್ನು ಕೆಲವು ಕಡೆ ನಸರಿಯೆಂದೂ ಮುಜಂಟಿಯೆಂದೂ ಕರೆಯುವರು. ಗೋಡೆಯ ಬಿರುಕುಗಳಲ್ಲಿ ವಾಸಿಸುವ ಇದಕ್ಕೆ ಚುಚ್ಚಲು ಬಾರದು. ನಾಲ್ಕನೆಯದೇ ತುಡುವೆ. ಇದು ಮರದ ಪೊಟರೆ, ಹುತ್ತ, ಕಲ್ಲಿನ ಸಂದು, ಹಳೆಯ ಗೋಡೆ ಮೊದಲಾದ ಕತ್ತಲೆಯ ಎಡೆಗಳಲ್ಲಿ ಹಲವು ಎರಿಗಳನ್ನು ಒಂದರ ಪಕ್ಕದಲ್ಲೊಂದರಂತೆ ಸಮಾಂತರವಾಗಿ ಕಟ್ಟುತ್ತದೆ.

ಬಾಲಕನ ಪ್ರಶ್ನೆಗೆ ಉತ್ತರದ ಮೊದಲರ್ಧ ಇಲ್ಲಿಯೇ ದೊರೆಯಿತು. ಬಯಲಿನಲ್ಲಿ ಬಾಳುವ ವಲಸೆಗಾರ ಹೆಜ್ಜೇನನ್ನು ಪೆಟ್ಟಿಗೆಯಲ್ಲಿಟ್ಟು ಸಾಕಲಾಗದು. ಅದನ್ನು ಕಾಪಾಡುವುದೆಂದರೆ ಕೆಣಕದೆ ಬಿಡುವುದು, ಅದರ ಕಾಲ ಮುಗಿದು ತಾನಾಗಿ ಹೋಗುವವರೆಗೆ ಸೈರಿಸುವುದು. ಆದರೆ ಪೊಟರೆಯಲ್ಲಿ ಬಾಳುವ ತುಡುವೆಗೆ ಪೊಟರೆಯಂಥದೇ ಕತ್ತಲೆಯ ಪೆಟ್ಟಿಗೆಯನ್ನು ಒದಗಿಸಿದರೆ ಅದು ನಮ್ಮ ಹಿತ್ತಲಿನಲ್ಲಿಯೂ ಸಂಸಾರ ಹೂಡಬಲ್ಲದು.

ಪೆಟ್ಟಿಗೆಯ ಕಥೆಯೂ ಸ್ವಾರಸ್ಯವಾದುದೇ. ಎರಿ ಎರಿಗಳ ನಡುವೆ ಹುಳುಗಳು ಓಡಾಡಲು ಬೇಕಾದಷ್ಟೇ ಕಿರಿದಾದ ಎಡೆಯನ್ನು ಬಿಟ್ಟರೆ ಅವು ಅದನ್ನು ಮೇಣದಿಂದ ಮುಚ್ಚವು ಎಂಬ ಮರ್ಮವನ್ನು 1851ರಲ್ಲಿ ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಎಂಬ ಪಾದ್ರಿಯು ಪೆಟ್ಟಿಗೆಯ ರಚನೆಗೆ ಅಳವಡಿಸಿದನು. ಅಂದಿನಿಂದ ಗೂಡನ್ನು ಕೆಡಿಸದೆ ಚೌಕಟ್ಟುಗಳನ್ನು ಹೊರತೆಗೆದು ನೋಡುವುದು ಸಾಧ್ಯವಾಯಿತು. ಆತನ ಪೆಟ್ಟಿಗೆ ಯುರೋಪಿನ ದೊಡ್ಡ ಜೇನಿಗೆ ತಕ್ಕುದು. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಫಾದರ್ ನ್ಯೂಟನ್ ಎಂಬವರು ದಕ್ಷಿಣ ಭಾರತದಲ್ಲಿ ತುಡುವೆಯ ಗಾತ್ರಕ್ಕೊಪ್ಪುವ ಚಿಕ್ಕ ಪೆಟ್ಟಿಗೆಯನ್ನು ರೂಪಿಸಿದರು. ಕೊಡಗಿನ ವಿರಾಜಪೇಟೆಯಲ್ಲಿ 1936ರಲ್ಲಿ ಜೇನು ಕೃಷಿಕರ ಸಹಕಾರ ಸಂಘವು ಸ್ಥಾಪನೆಯಾಯಿತು. ನಾವಿರುವ ಮಹಾರಾಷ್ಟ್ರದಲ್ಲಿಯೂ ಈ ಕಸುಬು ಬೇರೂರಿದೆ. ಪುಣೆಯಲ್ಲಿ ಕೇಂದ್ರೀಯ ಜೇನು ಸಂಶೋಧನ ಮತ್ತು ತರಬೇತಿ ಸಂಸ್ಥೆಯು 1962ರಲ್ಲಿ ಆರಂಭವಾಯಿತು, ಮಹಾಬಳೇಶ್ವರದ ಬಳಿಯ ಮಾಂಘರ್ ಎಂಬ ಹಳ್ಳಿ 2022ರಲ್ಲಿ ‘ಜೇನಿನ ಗ್ರಾಮ’ವೆಂದು ಘೋಷಿತವಾಯಿತು.

ಇನ್ನು ಪೆಟ್ಟಿಗೆಗೆ ಜೇನು ಬರುವ ಬಗೆ ಹೇಗೆ? ಇದನ್ನರಿಯಲು ಅದರ ಸಂಸಾರವನ್ನು ಸ್ವಲ್ಪ ಇಣುಕಿ ನೋಡಬೇಕು. ಒಂದು ಕುಟುಂಬದಲ್ಲಿ ಮೊಟ್ಟೆಯಿಡುವ ರಾಣಿ ಒಂದೇ. ಹಲವು ಸಾವಿರ ಕೆಲಸಗಾರ ಹುಳುಗಳೂ ನೂರಾರು ಗಂಡುಹುಳುಗಳೂ ಅವಳ ಮಕ್ಕಳು. ಮಳೆಗಾಲ ಕಳೆದು ಹೂಗಳು ಅರಳತೊಡಗಿ ಕುಟುಂಬವು ತುಂಬಿ ತುಳುಕಿದಾಗ, ಕೆಲಸಗಾರ ಹುಳುಗಳು ಎರಿಯ ಅಂಚಿನಲ್ಲಿ ಹೊಸ ರಾಣಿಗಾಗಿ ಉದ್ದನೆಯ ಕೋಣೆಗಳನ್ನು ಕಟ್ಟುತ್ತವೆ. ಹೊಸ ರಾಣಿ ಹೊರಬರುವ ಮುನ್ನವೇ ಹಳೆಯ ರಾಣಿಯು ಕುಟುಂಬದ ಒಂದು ದೊಡ್ಡ ಪಾಲನ್ನು ಕರೆದುಕೊಂಡು ಮನೆಯನ್ನು ಮಗಳಿಗೆ ಬಿಟ್ಟು ಹೊರಡುತ್ತಾಳೆ. ಮನುಷ್ಯರಲ್ಲಿ ಮಕ್ಕಳು ಊರು ಬಿಟ್ಟು ಮುಂಬಯಿಗೆ ಬರುವರು. ಜೇನಿನಲ್ಲಿ ತಾಯಿಯೇ ವಲಸೆ ಹೋಗುವಳು! ಇದಕ್ಕೆ ಹಿಂಡು ಒಡೆಯುವುದೆಂದು ಹೆಸರು.

ಹೀಗೆ ಹೊರಟ ಹಿಂಡು ಮೊದಲು ಹತ್ತಿರದ ಕೊಂಬೆಯೊಂದರಲ್ಲಿ ಗೊಂಚಲಾಗಿ ಕುಳಿತುಕೊಳ್ಳುತ್ತದೆ. ಅಲ್ಲಿಂದ ಕೆಲವು ಹುಳುಗಳು ಮನೆ ಹುಡುಕಲು ಹಾರುತ್ತವೆ. ಒಳ್ಳೆಯ ಪೊಟರೆಯನ್ನು ಕಂಡು ಬಂದ ಹುಳು ಗೊಂಚಲಿನ ಮೇಲೆ ಕುಣಿದು ಅದರ ದಿಕ್ಕನ್ನೂ ದೂರವನ್ನೂ ಉಳಿದವಕ್ಕೆ ತಿಳಿಸುತ್ತದೆ. ಜೇನಿನ ಈ ಕುಣಿತದ ಭಾಷೆಯನ್ನು ಬಿಡಿಸಿದ ಕಾರ್ಲ್ ಫಾನ್ ಫ್ರಿಷ್ ಎಂಬ ವಿಜ್ಞಾನಿಗೆ 1973ರಲ್ಲಿ ನೊಬೆಲ್ ಪಾರಿತೋಷಕದ ಗೌರವವು ಲಭಿಸಿತು.

ಬಲ್ಲ ಜೇನುಗಾರನು ಕಾಯುವುದು ಈ ಸಮಯವನ್ನೇ. ನನ್ನ ತಂದೆಯವರು ಶಿರಸಿಯ ಕಡೆಯ ನಮ್ಮ ಹಳ್ಳಿಯಲ್ಲಿ, ಖಾಲಿ ಪೆಟ್ಟಿಗೆಯ ಒಳಮೈಗೆ ಹಳೆಯ ಜೇನುಮೇಣವನ್ನು ಸವರಿ ತೋಟದಂಚಿನ ನೆರಳಿನಲ್ಲಿ ಇಡುತ್ತಿದ್ದರು. ಮೇಣದ ಪರಿಮಳಕ್ಕೆ ಮನೆ ಹುಡುಕುವ ಹುಳುಗಳು ಬಂದು ಪೆಟ್ಟಿಗೆಯನ್ನು ಒಪ್ಪಿದರೆ ಹಿಂಡು ತಾನಾಗಿಯೇ ಒಳಸೇರುವುದು. ಕೊಂಬೆಯಲ್ಲಿ ಕುಳಿತ ಗೊಂಚಲಾದರೆ ಸಂಜೆಯ ಹೊತ್ತು ಬುಟ್ಟಿಯಲ್ಲಿ ಮೆಲ್ಲನೆ ಹಿಡಿದು ಪೆಟ್ಟಿಗೆಗೆ ಇಳಿಸುತ್ತಿದ್ದರು. ರಾಣಿ ಇಲ್ಲದಿದ್ದರೆ ಹಿಂಡು ನಿಲ್ಲದು. ಆದಕಾರಣ ಕೆಲಸಗಾರ ಹುಳು ನುಸುಳಬಲ್ಲ, ದಪ್ಪಗಿರುವ ರಾಣಿ ನುಸುಳಲಾರದ ತಡೆಯೊಂದನ್ನು ಬಾಗಿಲಿಗೆ ಕೆಲವು ದಿನ ಹಾಕುವರು. ರಾತ್ರಿಯಲ್ಲಿ ಸಕ್ಕರೆಯ ಪಾನಕವನ್ನಿಡುವರು. ಇರುವೆ ಹತ್ತದಂತೆ ಪೆಟ್ಟಿಗೆಯ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸುವರು. ಇಷ್ಟು ಮಾಡಿದರೂ ತುಡುವೆಯು ಸ್ವಾತಂತ್ರ್ಯಪ್ರಿಯವಾದ ಜೇನು. ಹಸಿವಾದರೆ, ಪದೇ ಪದೇ ಪೆಟ್ಟಿಗೆ ತೆರೆದು ಪೀಡಿಸಿದರೆ, ಒಂದು ದಿನ ಎಲ್ಲವನ್ನೂ ತೊರೆದು ಹಾರಿಹೋಗುವುದು. ಆದುದರಿಂದ ತುಪ್ಪ ತೆಗೆಯುವಾಗ ಮರಿಗಳಿರುವ ಎರಿಯನ್ನು ಮುಟ್ಟದೆ, ಮಳೆಗಾಲಕ್ಕೆ ಬೇಕಾದ ಪಾಲನ್ನು ಅವಕ್ಕೇ ಉಳಿಸಬೇಕು.

ಕಾಡಿನಲ್ಲಿಯೇ ಇರುವ ಗೂಡುಗಳನ್ನು ಏಕೆ ಕಾಪಾಡಬೇಕೆಂದು ನೀವು ಕೇಳಬಹುದು. ಇದಕ್ಕೆ ನಮ್ಮ ಮನೆಯ ಅನುಭವವೇ ಉತ್ತರ. 1991-92ರ ಸುಮಾರಿಗೆ ದಕ್ಷಿಣ ಭಾರತದ ತುಡುವೆ ಜೇನಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗವು ತಗಲಿತು. ಈ ರೋಗದಲ್ಲಿ ಮರಿಹುಳು ಕೋಶಾವಸ್ಥೆಗೆ ತಲುಪದೆ, ನೀರು ತುಂಬಿದ ಚೀಲದಂತಾಗಿ ಕೋಣೆಯಲ್ಲಿಯೇ ಸಾಯುತ್ತದೆ. ಕರ್ನಾಟಕ, ಕೇರಳ, ತಮಿಳುನಾಡುಗಳಲ್ಲಿ ಬಹುಪಾಲು ಪೆಟ್ಟಿಗೆಗಳು ಬರಿದಾದವು. ಆಗ ನಾನಿನ್ನೂ ತೊಟ್ಟಿಲ ಕೂಸು. ತಂದೆಯವರ ಹದಿನಾಲ್ಕು ಪೆಟ್ಟಿಗೆಗಳಲ್ಲಿ ಒಂದೂ ಉಳಿಯಲಿಲ್ಲವೆಂದು ತಾಯಿ ಹೇಳುತ್ತಿದ್ದರು. ಖಾಲಿ ಪೆಟ್ಟಿಗೆಗಳು ಅಟ್ಟ ಸೇರಿದವು. ನಾನು ಮೂರನೆಯ ತರಗತಿಯಲ್ಲಿದ್ದಾಗ ಒಂದು ಮುಂಜಾನೆ ತಂದೆಯವರು ನನ್ನನ್ನು ಎಬ್ಬಿಸಿ ತೋಟಕ್ಕೆ ಕರೆದೊಯ್ದರು. ಮೇಣ ಸವರಿ ಇಟ್ಟಿದ್ದ ಹಳೆಯ ಪೆಟ್ಟಿಗೆಯೊಂದರ ಬಾಗಿಲಿನಲ್ಲಿ ಹುಳುಗಳು ಓಡಾಡುತ್ತಿದ್ದವು. ತಂದೆಯವರು ಏನನ್ನೂ ಹೇಳದೆ ಬಹಳ ಹೊತ್ತು ಅಲ್ಲಿಯೇ ಕುಕ್ಕರಗಾಲಿನಲ್ಲಿ ಕುಳಿತಿದ್ದರು. ರೋಗವನ್ನು ತಾಳಿಕೊಂಡು ಕಾಡಿನ ಪೊಟರೆಗಳಲ್ಲಿ ಉಳಿದಿದ್ದ ಕುಟುಂಬಗಳಿಂದಲೇ ಊರಿನ ಪೆಟ್ಟಿಗೆಗಳು ಮತ್ತೆ ತುಂಬಿದವು. ಕಾಡಿನ ಗೂಡು ಬಿತ್ತನೆಯ ಬೀಜವಿದ್ದಂತೆ. ಒಂದು ತಂಬಿಗೆ ತುಪ್ಪಕ್ಕಾಗಿ ಮರವನ್ನು ಕಡಿದು ಗೂಡನ್ನು ಸುಡುವವನು ಬೀಜದ ಭತ್ತವನ್ನೇ ಕುಟ್ಟಿ ಉಂಡವನಿಗೆ ಸಮಾನನು.

ನಾಡಜೇನಿಗೆ ಬೇರೆ ಹಿರಿಮೆಯೂ ಉಂಟು. ಕಣಜವು ಗೂಡಿನ ಮೇಲೆರಗಿದರೆ ತುಡುವೆಯ ಹುಳುಗಳು ಅದನ್ನು ಉಂಡೆಯಾಗಿ ಮುತ್ತಿ, ಮೈ ಕಂಪಿಸಿ ಹುಟ್ಟಿಸಿದ ಬಿಸಿಯಿಂದಲೇ ಕೊಲ್ಲುತ್ತವೆ. ಯುರೋಪಿನ ಜೇನನ್ನು ಕಾಡುವ ವರೋವಾ ಎಂಬ ನುಸಿಯು ತುಡುವೆಗೆ ಹಳೆಯ ಪರಿಚಯದ ಶತ್ರು. ಒಂದರ ಮೈಯಿಂದ ಇನ್ನೊಂದು ಅದನ್ನು ಹೆಕ್ಕಿ ತೆಗೆಯುತ್ತದೆ. ಕುಂಬಳ, ಸೂರ್ಯಕಾಂತಿ, ಏಲಕ್ಕಿ, ಕಾಫಿ ಮೊದಲಾದ ಬೆಳೆಗಳ ಹೂವಿನಿಂದ ಹೂವಿಗೆ ಪರಾಗವನ್ನೊಯ್ದು ಕಾಯಿ ಕಟ್ಟಿಸುವವರಲ್ಲಿ ನಮ್ಮ ಜೇನುಗಳು ಪ್ರಮುಖವಾದವು. ತುಪ್ಪಕ್ಕಿಂತ ಈ ಉಪಕಾರವೇ ಹಿರಿದು.

ನಗರದಲ್ಲಿರುವ ನಮ್ಮಿಂದ ಏನಾದೀತು ಎಂದು ಕೈಚೆಲ್ಲಬೇಡಿರಿ. ಎಂಟು ವರ್ಷಗಳಿಗೊಮ್ಮೆ ಅರಳುವ ಕಾರ್ವಿ ಹೂವು 2016ರಲ್ಲಿಯೂ 2024ರಲ್ಲಿಯೂ ಮುಂಬಯಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಗುಡ್ಡಗಳಲ್ಲಿ ಅರಳಿತು. ಜೇನಿಗೆ ಅದು ದೊಡ್ಡ ಹಬ್ಬ. ಈ ಮಹಾನಗರದ ಹೊಂಗೆ, ನೇರಳೆ, ಹುಣಿಸೆ ಮರಗಳೂ ಅವುಗಳ ಅನ್ನಸತ್ರಗಳೇ. ನಿಮ್ಮ ಕಿಟಕಿಯ ಕುಂಡದಲ್ಲಿ ತುಳಸಿಯು ಹೂ ಬಿಡಲಿ. ಬೇಸಗೆಯಲ್ಲಿ ಅಗಲವಾದ ತಟ್ಟೆಯಲ್ಲಿ ಕಲ್ಲುಹರಳುಗಳನ್ನಿಟ್ಟು ನೀರು ತುಂಬಿರಿ. ಹರಳಿನ ಮೇಲೆ ಕುಳಿತು ಹುಳುಗಳು ಮುಳುಗದೆ ನೀರು ಕುಡಿಯುವುವು. ಗೂಡಿಗೆ ಕಲ್ಲೆಸೆಯಬೇಡಿರಿ, ಅದರ ಬಳಿ ಪಟಾಕಿ ಸುಡಬೇಡಿರಿ. ಹುಳುಗಳು ರೇಗಿ ಎದ್ದರೆ ಕೈ ಬೀಸುತ್ತ ನಿಲ್ಲದೆ ಓಡಿ ಒಳಹೊಕ್ಕು ಬಾಗಿಲು ಮುಚ್ಚಿಕೊಳ್ಳಿರಿ. ಮನೆಯ ಗೋಡೆಯಲ್ಲಿ ತುಡುವೆ ಸೇರಿಕೊಂಡರೆ ನೀವಾಗಿ ಕೈಹಾಕದೆ, ವಿಷದವರನ್ನು ಕರೆಯುವ ಮೊದಲು ಜೇನು ಹಿಡಿಯಬಲ್ಲವರನ್ನು ಕರೆಸುವಂತೆ ಹಿರಿಯರಿಗೆ ಹೇಳಿರಿ. ಅವರು ಎರಿಗಳನ್ನು ಬಾಳೆಯ ನಾರಿನಿಂದ ಚೌಕಟ್ಟಿಗೆ ಕಟ್ಟಿ, ಸಂಸಾರವನ್ನೇ ಪೆಟ್ಟಿಗೆಗೆ ಸಾಗಿಸಬಲ್ಲರು.

ಈ ಲೇಖನವನ್ನು ಮುಗಿಸುವ ಹೊತ್ತಿಗೆ ಪಕ್ಕದ ಕಟ್ಟಡದ ಅದೇ ತೊಟ್ಟಿಯ ಕೆಳಗೆ ಹೆಜ್ಜೇನು ಮತ್ತೆ ಬಂದು ಕುಳಿತಿದೆ. ಈ ಸಲ ತೆಗೆಸಿರೆಂದು ನಾನು ಕೇಳಿಕೊಂಡಿಲ್ಲ. ಆ ಕಡೆಯ ಕಿಟಕಿಗಳಿಗೆ ಬಲೆ ಕಟ್ಟಿಸಿ, ಆಟವನ್ನು ಅಂಗಳದ ಈ ತುದಿಗೆ ಬದಲಿಸಲು ಮುಖ್ಯೋಪಾಧ್ಯಾಯರನ್ನು ಪ್ರಾರ್ಥಿಸಿದ್ದೇನೆ, ಅವರು ಒಪ್ಪಿದ್ದಾರೆ. ಉಳಿದ ಕಾರ್ಯ ನಿಮ್ಮದು. ಕಲ್ಲು ಕೈಯಲ್ಲಿದ್ದರೆ ಕೆಳಗೆ ಹಾಕಿರಿ.