ಹಾಡು ಹರಿಹರದ್ದು, ಪಿಟೀಲು ಲಂಡನ್ನಿನದ್ದು

ನಮ್ಮ ಸೋದರಮಾವ ಹರಿಹರದವರು. ಹಗಲೆಲ್ಲ ಕಾರ್ಖಾನೆಯಲ್ಲಿ ಲೇತ್ ನಡೆಸಿ, ಶನಿವಾರ ರಾತ್ರಿ ಭಜನೆಗೆ ಕೂತರೆ ಬೆಳಗಿನ ಜಾವದವರೆಗೆ ತಾಳ ಕೆಳಗಿಡುತ್ತಿರಲಿಲ್ಲ. ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಮಾತೂ ಹೋಯಿತು. ಬಾಯಾರಿದಾಗ ‘ನೀರು’ ಅನ್ನಲು ಹೋದರೆ ‘ನ... ನ...’ ಅಂತ ಅಲ್ಲೇ ನಿಲ್ಲುತ್ತಿತ್ತು. ಒಂದು ಸಂಜೆ ಭಜನೆಯ ಗೆಳೆಯರು ನೋಡಲು ಬಂದು, ಏನು ಮಾತಾಡಬೇಕೋ ತೋಚದೆ, ಮಂಚದ ಪಕ್ಕ ಕೂತು ಹಾಡಲು ಶುರುಮಾಡಿದರು. ಎರಡನೇ ಸಾಲಿಗೆ ಮಾವ ದನಿ ಕೂಡಿಸಿದರು. ಒಂದಕ್ಷರ ತಪ್ಪಲಿಲ್ಲ. ಅತ್ತೆ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿ ಬಂದರು. ಹಾಡು ಮುಗಿಯಿತು, ಮಾವ ನೀರು ಕೇಳಲು ಬಾಯಿ ತೆರೆದರು. ಮತ್ತೆ ‘ನ... ನ...’

ಇದು ಪವಾಡವಲ್ಲ, ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಹೆಚ್ಚಿನವರಲ್ಲಿ ಮಾತು ಕಟ್ಟುವ ಕೆಲಸ ಮಿದುಳಿನ ಎಡಭಾಗದ್ದು. ಅಲ್ಲಿಗೆ ಪೆಟ್ಟು ಬಿದ್ದರೂ ಬಾಯಿಪಾಠವಾದ ಹಾಡು ಉಳಿದುಕೊಂಡಿರಬಹುದು. 1973ರಲ್ಲಿ ಬಾಸ್ಟನ್ನಿನ ಆಲ್ಬರ್ಟ್, ಸ್ಪಾರ್ಕ್ಸ್, ಹೆಲ್ಮ್ ಎಂಬ ಮೂವರು ಈ ಉಳಿದ ದಾರಿಯಿಂದಲೇ ಮಾತಿಗೆ ಮರಳುವ ಒಂದು ಕ್ರಮವನ್ನು ಪ್ರಕಟಿಸಿದರು. ಕನ್ನಡದಲ್ಲಿ ಅದನ್ನು ಹೀಗೆ ಊಹಿಸಿಕೊಳ್ಳಿ: ‘ನೀರು ಬೇಕು’ ಅನ್ನುವುದನ್ನು ಎರಡೇ ಸ್ವರದಲ್ಲಿ, ಮೇಲೊಂದು ಕೆಳಗೊಂದು, ನಿಧಾನವಾಗಿ ಎಳೆದು ಚಿಕಿತ್ಸಕಿ ಗುನುಗುತ್ತಾಳೆ. ಪ್ರತಿ ಅಕ್ಷರಕ್ಕೂ ರೋಗಿಯ ಎಡಗೈಯನ್ನು ಹಿಡಿದು ಮೇಜಿನ ಮೇಲೆ ತಟ್ಟಿಸುತ್ತಾಳೆ. ಆಮೇಲೆ ಇಬ್ಬರೂ ಕೂಡಿ ಹಾಡುತ್ತಾರೆ. ನಂತರ ಆಕೆ ಅರ್ಧದಲ್ಲೇ ನಿಲ್ಲಿಸುತ್ತಾಳೆ, ಉಳಿದದ್ದನ್ನು ರೋಗಿ ಮುಗಿಸಬೇಕು. ವಾರಗಳು ಕಳೆದ ಮೇಲೆ ‘ಏನು ಬೇಕು?’ ಎಂಬ ಪ್ರಶ್ನೆಗೆ ಅದೇ ಧಾಟಿಯಲ್ಲಿ ಉತ್ತರ, ಕೊನೆಗೆ ಧಾಟಿಯನ್ನು ತಗ್ಗಿಸುತ್ತ ತಗ್ಗಿಸುತ್ತ ಬರೀ ಮಾತು. ಮಿದುಳಿನ ಬಲಭಾಗ ಕೆಲಸ ವಹಿಸಿಕೊಳ್ಳುತ್ತದೆ ಎಂಬುದು ಮೊದಲಿನ ವಿವರಣೆ. ನಿಧಾನ ಲಯಕ್ಕೂ ರೂಢಿಯಾದ ಪದಗಳಿಗೂ ಇದರಲ್ಲಿ ದೊಡ್ಡ ಪಾಲಿದೆ ಎಂದು ಈಚಿನ ಸಂಶೋಧಕರು ಹೇಳುತ್ತಾರೆ.

ಇಲ್ಲಿ ಗಮನಿಸಬೇಕಾದದ್ದು ಖರ್ಚಿನ ಸ್ವರೂಪ. ಇದಕ್ಕೆ ಯಂತ್ರ ಬೇಡ, ಔಷಧಿ ಬೇಡ. ತರಬೇತಾದ ಒಬ್ಬರು ವಾರಕ್ಕೆ ಹಲವು ಸಲ, ತಿಂಗಳುಗಟ್ಟಲೆ, ಒಬ್ಬರ ಎದುರು ಕೂರಬೇಕು. ಖರ್ಚೆಲ್ಲ ಮನುಷ್ಯರ ಸಂಬಳ. ದಾನಿಗಳು ಸ್ಕ್ಯಾನಿಂಗ್ ಯಂತ್ರಕ್ಕೆ ಹೆಸರು ಕೆತ್ತಿಸಿ ಹಣ ಕೊಟ್ಟಾರು, ಇನ್ನೊಬ್ಬರ ಸಂಬಳಕ್ಕೆ ಕೊಡುವುದು ಕಷ್ಟ. ಹಾಡಿ ಹಣ ಕೂಡಿಸಬೇಕಾಗುವುದು ಇಂಥ ಕಡೆಯೇ. ಬ್ರಿಟನ್ನಿನಲ್ಲಿ ಸಂಗೀತಗಾರರು ಈ ಭಾರ ಬಹಳ ಹಿಂದೆಯೇ ಹೊತ್ತರು. ಅಮೆರಿಕದ ಸಂಯೋಜಕ ಪಾಲ್ ನಾರ್ಡಾಫ್, ಇಂಗ್ಲೆಂಡಿನ ಶಿಕ್ಷಕ ಕ್ಲೈವ್ ರಾಬಿನ್ಸ್ 1959ರಲ್ಲಿ ವಿಶೇಷ ಮಕ್ಕಳ ಜೊತೆ ಶುರುಮಾಡಿದ ಸಂಗೀತ ಚಿಕಿತ್ಸೆಯ ಕೆಲಸ ಅವರಿಬ್ಬರ ಹೆಸರಿನಲ್ಲೇ ದತ್ತಿ ಸಂಸ್ಥೆಯಾಯಿತು. 1990ರ ಜೂನ್ 30ರಂದು ನೆಬ್‌ವರ್ತ್‌ನಲ್ಲಿ ಪಾಲ್ ಮೆಕಾರ್ಟ್ನಿ, ಪಿಂಕ್ ಫ್ಲಾಯ್ಡ್, ಎಲ್ಟನ್ ಜಾನ್ ಮೊದಲಾದವರು ಒಂದೇ ವೇದಿಕೆಗೆ ಬಂದದ್ದು ಆ ಸಂಸ್ಥೆಗೂ ಲಂಡನ್ನಿನ ಒಂದು ಕಲಾಶಾಲೆಗೂ ಹಣ ಕೂಡಿಸಲಿಕ್ಕೆ.

ಹೀಗೆ ಹಾಡಿ ಹಣ ಕೂಡಿಸುವುದು ನಮ್ಮ ದಾವಣಗೆರೆಗೆ ಹೊಸದಲ್ಲ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ಬೆಳೆದ ಊರು ಇದು. ಶಾಲೆ ಕಟ್ಟಡಕ್ಕೋ ಗುಡಿಯ ಜೀರ್ಣೋದ್ಧಾರಕ್ಕೋ ಸಹಾಯಾರ್ಥ ನಾಟಕ ಆಡಿಸುವುದು ನಮ್ಮ ಹಿರಿಯರಿಗೆ ರೂಢಿಯ ಮಾತು. ಆ ವ್ಯವಹಾರ ನೇರ: ಟಿಕೆಟ್ ಹಣ ಗಲ್ಲಾಪೆಟ್ಟಿಗೆಗೆ ಬೀಳುತ್ತಿತ್ತು, ಕಂಪನಿಯ ಖರ್ಚು ಕಳೆದು ಉಳಿದದ್ದು ಮರುದಿನ ಕಮಿಟಿಯವರ ಕೈಗೆ. ಈಗ ಸಂಗೀತ ಚಿಕಿತ್ಸಕರ ಸಂಬಳಕ್ಕಾಗಿ ನೀವು ಇಲ್ಲಿಂದ ಒಂದು ಹಾಡು ಹೊರತರಲು ಹೊರಟು, ಹಾಡುವವರು ಮೂರು ದೇಶದಲ್ಲಿ, ಕೊಡುವವರು ಐದು ದೇಶದಲ್ಲಿ ಇದ್ದಾಗ ಹಾಡು ಕಟ್ಟುವುದಕ್ಕಿಂತ ಹಣ ಊರು ಮುಟ್ಟಿಸುವುದೇ ದೊಡ್ಡ ಕೆಲಸ. ಆದ್ದರಿಂದ ಈ ಲೇಖನದಲ್ಲಿ ಹಣದ ದಾರಿ ಮೊದಲು, ರೆಕಾರ್ಡಿಂಗ್ ಆಮೇಲೆ. ಕೆಲಸವನ್ನೂ ಅದೇ ಕ್ರಮದಲ್ಲಿ ಮಾಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಈ ಮಾತಿಗೆ ಸಾಕ್ಷಿ 1971ರದ್ದು. ಪೂರ್ವ ಬಂಗಾಳದ ನಿರಾಶ್ರಿತರಿಗಾಗಿ ಸಿತಾರ್ ವಾದಕ ರವಿಶಂಕರ್ ಅವರು ಗಿಟಾರ್ ವಾದಕ ಜಾರ್ಜ್ ಹ್ಯಾರಿಸನ್ ಅವರ ನೆರವು ಕೇಳಿದರು. ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ಒಂದೇ ದಿನ ಎರಡು ಕಛೇರಿ ನಡೆದವು. ಟಿಕೆಟ್ಟಿನ ಸುಮಾರು 2.43 ಲಕ್ಷ ಡಾಲರ್ ಯುನಿಸೆಫ್‌ಗೆ ಬೇಗ ಸೇರಿತು. ಆದರೆ ಅದಕ್ಕಿಂತ ಎಷ್ಟೋ ಪಾಲು ದೊಡ್ಡದಾದ ಧ್ವನಿಮುದ್ರಿಕೆ ಮತ್ತು ಚಿತ್ರದ ಹಣವನ್ನು, ತೆರಿಗೆ ವಿನಾಯಿತಿಗೆ ಮುಂಚೆಯೇ ಅರ್ಜಿ ಹಾಕಿರಲಿಲ್ಲ ಎಂಬ ಕಾರಣಕ್ಕೆ, ಅಮೆರಿಕದ ತೆರಿಗೆ ಇಲಾಖೆ ವರ್ಷಗಟ್ಟಲೆ ತಡೆಹಿಡಿಯಿತು. ಅಷ್ಟು ದೊಡ್ಡವರ ಮನಸ್ಸು, ಅಷ್ಟು ಜನರ ಹಣ, ಒಂದು ಅರ್ಜಿಯ ಮುಂದೆ ನಿಂತುಬಿಟ್ಟಿತು.

ನಮ್ಮಲ್ಲಿ ಈ ಬಾಗಿಲು ಕಾಯುವುದು 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಎಫ್‌ಸಿಆರ್‌ಎ. ದಾವಣಗೆರೆಯ ಜೆ.ಜೆ.ಎಂ. ಮೆಡಿಕಲ್ ಕಾಲೇಜು, ಬಿ.ಐ.ಇ.ಟಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಹೊರದೇಶದಲ್ಲಿ ನೆಲೆಸಿದವರು ನಿಮ್ಮ ಹಾಡು ಕೇಳಿ ಹಣ ಕಳಿಸುತ್ತಾರೆ ಅನ್ನಿ. ಕಳಿಸುವವರ ಬಳಿ ಭಾರತದ ಪಾಸ್‌ಪೋರ್ಟ್ ಇದ್ದು, ತಮ್ಮ ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕವೇ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಅವರು ಆ ದೇಶದ ಪೌರತ್ವ ಪಡೆದಿದ್ದರೆ, ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. ಅದನ್ನು ಪಡೆಯಲು ಸಂಸ್ಥೆಗೆ ಎಫ್‌ಸಿಆರ್‌ಎ ನೋಂದಣಿಯೋ ಪೂರ್ವಾನುಮತಿಯೋ ಇರಬೇಕು. ನೋಂದಣಿಗೆ ಕನಿಷ್ಠ 3 ವರ್ಷ ನಡೆದುಬಂದ ಸಂಸ್ಥೆಯಾಗಿರಬೇಕು. 2020ರ ತಿದ್ದುಪಡಿಯ ನಂತರ ಈ ಹಣ ಮೊದಲು ಬಂದು ಬೀಳಬೇಕಾದದ್ದು ಸ್ಟೇಟ್ ಬ್ಯಾಂಕಿನ ಹೊಸದಿಲ್ಲಿ ಮುಖ್ಯ ಶಾಖೆಯ ಖಾತೆಗೆ. ಅದೇ ತಿದ್ದುಪಡಿ ಇನ್ನೊಂದು ಬಾಗಿಲನ್ನೂ ಮುಚ್ಚಿತು: ಹೀಗೆ ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಬೆಂಗಳೂರಿನ ಯಾವುದೋ ಟ್ರಸ್ಟ್ ಹಣ ಪಡೆದು ದಾವಣಗೆರೆಗೆ ಕಳಿಸಿಕೊಡುತ್ತದೆ ಎಂಬ ಲೆಕ್ಕ ನಡೆಯದು. ಚಿಕಿತ್ಸೆ ನಡೆಸುವ ಸಂಸ್ಥೆಗೇ ನೋಂದಣಿ ಬೇಕು, ಇಲ್ಲವೆ ನೋಂದಣಿ ಇರುವ ಸಂಸ್ಥೆಯೇ ಇಲ್ಲಿಗೆ ಬಂದು ಚಿಕಿತ್ಸೆ ನಡೆಸಬೇಕು.

ಹಾಗಾಗಿ ಹೊಸದಾಗಿ ಟ್ರಸ್ಟ್ ಕಟ್ಟಲು ಹೋಗಬೇಡಿ, ಇರುವ ಸಂಸ್ಥೆಯನ್ನು ಹುಡುಕಿ. ಕಾರ್ಯದರ್ಶಿಯ ಸ್ವಂತ ಖಾತೆಗೆ ‘ಸದ್ಯಕ್ಕೆ’ ಹಣ ಹಾಕಿಸಿಕೊಳ್ಳುವ ಯೋಚನೆಯನ್ನಂತೂ ಮೊದಲ ಸಭೆಯಲ್ಲೇ ಬಿಡಿ. ವಿಡಿಯೊದ ಕೆಳಗೆ ಎರಡು ದಾರಿ ಬೇರೆಬೇರೆಯಾಗಿ ಕಾಣಬೇಕು: ಇಲ್ಲಿಯವರಿಗೆ ಕ್ಯೂಆರ್ ಕೋಡ್, ವಿದೇಶಿ ಪೌರರಿಗೆ ಎಫ್‌ಸಿಆರ್‌ಎ ಖಾತೆ. ಹಾಡು ಕೇಳಿದ್ದರಿಂದ ಆ್ಯಪ್‌ಗಳು ಕೊಡುವ ಹಣವನ್ನು ನೆಚ್ಚಬೇಡಿ, ಅದು ಚಿಲ್ಲರೆ ಮತ್ತು ತಡ. ನಾಟಕದ ಹಿಂದಿನ ದಿನ ಮೈಕು ಕಟ್ಟಿಕೊಂಡು ಊರು ಸುತ್ತುತ್ತಿತ್ತಲ್ಲ ಪ್ರಚಾರದ ಗಾಡಿ, ಹಾಡಿನ ಕೆಲಸ ಅದು. ಗಲ್ಲಾಪೆಟ್ಟಿಗೆ ಬೇರೆಯೇ ಇರುತ್ತದೆ.

ಇನ್ನು ಹಾಡಿಗೆ ಬರೋಣ. ಎಲ್ಲರೂ ಫೋನಿನಲ್ಲಿ ಮುಖ ನೋಡುತ್ತ ಒಟ್ಟಿಗೆ ನುಡಿಸಬಹುದಲ್ಲ ಎಂದು ಹಲವರು ಕೇಳುತ್ತಾರೆ. ಆಗುವುದಿಲ್ಲ, ಲೆಕ್ಕ ಹಾಕಿ ನೋಡಿ. ಲಂಡನ್ ಇಲ್ಲಿಂದ ಸುಮಾರು 8,000 ಕಿ.ಮೀ. ಕೇಬಲ್‌ನೊಳಗೆ ಬೆಳಕು ಸೆಕೆಂಡಿಗೆ ಹೆಚ್ಚುಕಡಿಮೆ 2 ಲಕ್ಷ ಕಿ.ಮೀ. ಓಡುತ್ತದೆ. ನೆಟ್ಟಗೆ ಹೋದರೂ 40 ಮಿಲಿಸೆಕೆಂಡ್ ಬೇಕು, ಸುತ್ತುದಾರಿಯಲ್ಲಿ ಇನ್ನೂ ಹೆಚ್ಚು. ತಬಲಾ ಮತ್ತು ಹಾಡು 25–30 ಮಿಲಿಸೆಕೆಂಡ್‌ಗಿಂತ ಹೆಚ್ಚು ದೂರವಾದರೆ ಒಬ್ಬರಿಗಾಗಿ ಒಬ್ಬರು ಕಾಯುತ್ತಾ ಲಯ ಇಳಿದುಹೋಗುತ್ತದೆ. ಅದಕ್ಕೇ ಒಬ್ಬರಾದ ಮೇಲೊಬ್ಬರು ತಮ್ಮ ತಮ್ಮ ಊರಲ್ಲಿ ರೆಕಾರ್ಡ್ ಮಾಡಿ ಕಳಿಸುವುದು. ಬೆಂಗಳೂರಿನ ರಿಕಿ ಕೇಜ್ ಮತ್ತು ಲಾಸ್ ಏಂಜಲೀಸ್‌ನ ಡ್ರಮ್ಮರ್ ಸ್ಟುವರ್ಟ್ ಕೋಪ್‌ಲ್ಯಾಂಡ್ ಕೊರೋನಾ ಕಾಲದಲ್ಲಿ ತಮ್ಮ ತಮ್ಮ ಊರಲ್ಲೇ ಇದ್ದು ‘ಡಿವೈನ್ ಟೈಡ್ಸ್’ ಆಲ್ಬಮ್ ಮಾಡಿದರು. 2022ರಲ್ಲಿ ಅದಕ್ಕೆ ಗ್ರ್ಯಾಮಿ ಬಂತು.

ಮೊದಲು ಬೇಕಾದದ್ದು ಗೈಡ್ ಟ್ರ್ಯಾಕ್: ಒಬ್ಬರು ಸಾದಾ ದನಿಯಲ್ಲಿ ಇಡೀ ಹಾಡು ಹಾಡಿ, ಅದರ ಕೆಳಗೆ ಲಯದ ಟಿಕ್ ಟಿಕ್ ಸದ್ದು ಹಾಕಿ ಎಲ್ಲರಿಗೂ ಕಳಿಸುವುದು. ಶ್ರುತಿಯಲ್ಲಿ ಇಲ್ಲೊಂದು ತೊಡಕಿದೆ. ನಮ್ಮ ಹಾರ್ಮೋನಿಯಂನವರು ‘ಕರಿ ಒಂದು’ ಅಂದರೆ ಲಂಡನ್ನಿನ ಪಿಟೀಲಿನವನಿಗೆ ಅದು ಸಿ ಶಾರ್ಪ್ ಎಂದು ಹೇಳಿದರೆ ಸಾಕು ಅನಿಸುತ್ತದೆ. ಸಾಲದು. ಹಳೆಯ ಹಾರ್ಮೋನಿಯಂ ರೀಡುಗಳು ಈಗಿನ 440 ಹರ್ಟ್ಸ್ ಅಳತೆಗಿಂತ ಕೂದಲೆಳೆಯಷ್ಟು ಮೇಲೋ ಕೆಳಗೋ ಇರುತ್ತವೆ. ಒಂದೇ ಕೋಣೆಯಲ್ಲಿ ಕೂತಿದ್ದರೆ ಪಿಟೀಲು ಹಾರ್ಮೋನಿಯಂಗೆ ಹೊಂದಿಕೊಳ್ಳುತ್ತದೆ. ದೂರದಿಂದ ಬಂದ ಫೈಲಿಗೆ ಹೊಂದಿಕೊಳ್ಳಲು ಕಿವಿಯಿಲ್ಲ. ಫೋನಿನ ಟ್ಯೂನರ್‌ನಲ್ಲಿ ಪೆಟ್ಟಿಗೆಯನ್ನು ಮೊದಲೇ ಪರೀಕ್ಷಿಸಿ. ವ್ಯತ್ಯಾಸವಿದ್ದರೆ ಗೈಡ್‌ಗೆ ಎಲೆಕ್ಟ್ರಾನಿಕ್ ತಂಬೂರಿ ಬಳಸಿ, ಎಲ್ಲರೂ ಅದನ್ನೇ ಆಧಾರ ಮಾಡಿಕೊಳ್ಳಲಿ.

ಹಾಡುವ ಜಾಗ ಸ್ಟುಡಿಯೊನೇ ಆಗಬೇಕೆಂದಿಲ್ಲ. 1224ರ ಹರಿಹರೇಶ್ವರ ದೇವಸ್ಥಾನದ ಕಂಬಗಳ ನಡುವೆ ಹಾಡಿದರೆ ಎಷ್ಟು ಚೆಂದ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಕಲ್ಲಿನ ಮಂಟಪದ ಅನುರಣನ ಒಮ್ಮೆ ದನಿಗೆ ಅಂಟಿದರೆ ಆಮೇಲೆ ತೆಗೆಯಲು ಬರುವುದಿಲ್ಲ. ಸಂರಕ್ಷಿತ ಸ್ಮಾರಕವಾದ್ದರಿಂದ ಚಿತ್ರೀಕರಣಕ್ಕೆ ಪುರಾತತ್ತ್ವ ಇಲಾಖೆಯ ಅನುಮತಿಯೂ ಬೇಕು. ಮನೆಯ ಒಳಕೋಣೆಯೇ ವಾಸಿ. ಎರಡು ಗೋಡೆಗೆ ಅಜ್ಜಿಯ ಕೌದಿ ಇಳಿಬಿಡಿ. ಹಳೇ ಸೀರೆಗಳ ಪದರ ಸೇರಿಸಿ ಹೊಲಿದ ಆ ದಪ್ಪ ಕೌದಿ ದನಿ ಮರಳಿ ಬರದಂತೆ ಹೀರಿಕೊಳ್ಳುತ್ತದೆ. ಫ್ಯಾನ್, ಫ್ರಿಜ್ ಆರಿಸಿ. ರಾತ್ರಿ ಹತ್ತರ ನಂತರ, ರೈಲಿನ ಸದ್ದು ಹೋದ ಮೇಲೆ, ಮೈಕಿನಿಂದ ಒಂದು ಗೇಣು ದೂರ ನಿಂತು ಹಾಡಿ. ಗೈಡ್ ಟ್ರ್ಯಾಕ್ ಹೆಡ್‌ಫೋನಿನಲ್ಲೇ ಕೇಳಬೇಕು, ಹೊರಗೆ ಬಿಟ್ಟರೆ ಅದೂ ಮೈಕಿಗೆ ನುಗ್ಗುತ್ತದೆ.

ಫೈಲು ವೇವ್ ರೂಪದಲ್ಲಿರಲಿ, 48 ಕಿಲೋಹರ್ಟ್ಸ್, 24 ಬಿಟ್. ಐದು ನಿಮಿಷದ ಒಂದು ದನಿ ಸುಮಾರು 43 ಎಂಬಿ ಆಗುತ್ತದೆ. ವಾಟ್ಸ್ಆ್ಯಪ್ ವಾಯ್ಸ್ ಮೆಸೇಜ್ ಆಗಿ ಕಳಿಸಿದರೆ ಅದು ದನಿಯನ್ನು ಹಿಂಡಿ ಸಣ್ಣ ಮಾಡುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ ಅಥವಾ ಡ್ರೈವ್‌ಗೆ ಹಾಕಿ. ಎಲ್ಲಕ್ಕಿಂತ ಮುಖ್ಯವಾದದ್ದು, ಜನ ಮರೆಯುವುದೂ ಇದನ್ನೇ: ನಿಮ್ಮ ಪಾಳಿ ಮೂರನೇ ನಿಮಿಷಕ್ಕೆ ಬಂದರೂ ಫೈಲು ಸೊನ್ನೆಯಿಂದಲೇ ಶುರುವಾಗಬೇಕು, ಮೊದಲ ಮೂರು ನಿಮಿಷ ಮೌನವಿದ್ದರೂ ಸರಿ. ಆಗ ಮಿಕ್ಸಿಂಗ್ ಮಾಡುವವರು ಹದಿನೈದು ಫೈಲುಗಳನ್ನು ಒಂದರ ಕೆಳಗೊಂದು ಇಟ್ಟರೆ ತಾವಾಗಿಯೇ ಜೋಡಿಕೊಳ್ಳುತ್ತವೆ. ಮಾತುಕತೆಗೆ ನಮ್ಮ ರಾತ್ರಿ ಒಂಬತ್ತು ಒಳ್ಳೆಯ ಹೊತ್ತು. ಚಳಿಗಾಲದಲ್ಲಿ ಅದು ಲಂಡನ್ನಿಗೆ ಮಧ್ಯಾಹ್ನ ಮೂರೂವರೆ, ನ್ಯೂಜೆರ್ಸಿಗೆ ಬೆಳಗಿನ ಹತ್ತೂವರೆ.

ಸಾಹಿತ್ಯ ಆರಿಸುವಾಗ ಎಚ್ಚರ. ನಮ್ಮ ಕಾಯ್ದೆಯಲ್ಲಿ ಹಕ್ಕುಸ್ವಾಮ್ಯ ಕರ್ತೃವಿನ ಕಾಲಾನಂತರ 60 ವರ್ಷ. ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ, ಅವರ ಪದ ಎಲ್ಲರದು. ಆದರೆ ಅದಕ್ಕೆ ಸಿ. ಅಶ್ವಥ್ ಹಾಕಿದ ರಾಗಸಂಯೋಜನೆ ಎಲ್ಲರದಲ್ಲ. ಅವರು ಹೋದದ್ದು 2009ರಲ್ಲಿ. ಹೊಸ ಧಾಟಿ ನೀವೇ ಕಟ್ಟಿ, ಅಥವಾ ಅನುಮತಿ ಪಡೆಯಿರಿ. ಭಾಗವಹಿಸಿದ ಪ್ರತಿಯೊಬ್ಬರಿಂದಲೂ ಸಹಿ ಮಾಡಿದ ಪತ್ರ ಪಡೆಯಿರಿ, ಅದರಲ್ಲಿ ಅವಧಿ ಮತ್ತು ದೇಶಗಳನ್ನು ಸ್ಪಷ್ಟವಾಗಿ ಬರೆಸಿ. ಹಕ್ಕು ವರ್ಗಾವಣೆಯ ಪತ್ರದಲ್ಲಿ ಅವಧಿ ಬರೆಯದಿದ್ದರೆ ಕಾಯ್ದೆ ಅದನ್ನು 5 ವರ್ಷ ಎಂದೇ ಓದುತ್ತದೆ, ದೇಶ ಬರೆಯದಿದ್ದರೆ ಭಾರತ ಮಾತ್ರ. ಸ್ನೇಹಿತರ ನಡುವೆ ಕಾಗದ ಯಾಕೆ ಎಂಬ ಸಂಕೋಚ ಬೇಡ.

ವಿಡಿಯೊದಲ್ಲಿ ರೋಗಿಗಳ ಮುಖ ತೋರಿಸಬೇಡಿ. ಮಾನಸಿಕ ಆರೋಗ್ಯ ಕೇಂದ್ರದಲ್ಲಿ ಚಿಕಿತ್ಸೆಯಲ್ಲಿರುವವರ ಚಿತ್ರವನ್ನು ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡುವುದನ್ನು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯೇ ತಡೆದಿದೆ. ಮಾತು ಬಾರದವರಿಂದ ಒಪ್ಪಿಗೆ ಪಡೆದೆವು ಅನ್ನುವುದೂ ಸರಿಯಲ್ಲ. ಈ ರಾಗ ಕೇಳಿದರೆ ಬಿಪಿ ಇಳಿಯುತ್ತದೆ, ಆ ರಾಗಕ್ಕೆ ಸಕ್ಕರೆ ಕಾಯಿಲೆ ಹೋಗುತ್ತದೆ ಎಂಬ ಮಾತು ಹಾಡಿನ ಪ್ರಚಾರದಲ್ಲಿ ಎಲ್ಲಿಯೂ ಬರಬಾರದು. ಹಣ ಯಾರ ಸಂಬಳಕ್ಕೆ ಹೋಗುತ್ತದೋ ಅವರು ಎಲ್ಲಿ ಕಲಿತರು, ಯಾವ ವೈದ್ಯರ ಅಥವಾ ಸ್ಪೀಚ್ ಥೆರಪಿಸ್ಟ್ ಅವರ ಜೊತೆಗೂಡಿ ಕೆಲಸ ಮಾಡುತ್ತಾರೆ ಎಂದು ಕೇಳಿಯೇ ನೇಮಿಸಿ. ಮಾತು ಹೋದವರ ವಿಷಯದಲ್ಲಿ ಸಲಹೆ ಬೇಕಾದರೆ ಮೈಸೂರಿನಲ್ಲಿ 1965ರಿಂದ ನಡೆಯುತ್ತಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಂಗೀತಕ್ಕೂ ಮಿದುಳಿಗೂ ಇರುವ ನಂಟನ್ನು ಅಭ್ಯಾಸ ಮಾಡುವ ಪ್ರಯೋಗಾಲಯವೇ ಇದೆ.

ಕೊನೆಯ ಒಂದು ಕೆಲಸಕ್ಕೆ ಖರ್ಚಿಲ್ಲ. ಮಿಕ್ಸಿಂಗ್ ಮುಗಿದ ಮೇಲೆ ಬಿಡಿಬಿಡಿ ಫೈಲುಗಳು ಹೇಗೂ ಕೈಯಲ್ಲಿರುತ್ತವೆ. ಪಿಟೀಲು, ಡ್ರಮ್ಮು, ಕೋರಸ್ ಎಲ್ಲ ತೆಗೆದು, ಒಂದೇ ದನಿ ಮತ್ತು ತಂಬೂರಿ ಉಳಿಸಿ, ಲಯ ನಿಧಾನಗೊಳಿಸಿ ಇನ್ನೊಂದು ಪ್ರತಿ ಮಾಡಿಸಿ. ಪ್ರತಿ ಸಾಲಿನ ಕೊನೆಯ ಪದವನ್ನು ಅಳಿಸಿ, ಅಷ್ಟು ಹೊತ್ತು ತಂಬೂರಿ ಮಾತ್ರ ನುಡಿಯಲಿ. ಚಿಕಿತ್ಸೆಯ ಕೋಣೆಯಲ್ಲಿ ಬಳಕೆಗೆ ಬರುವುದು ಈ ಪ್ರತಿ, ಆ ಖಾಲಿ ಜಾಗವನ್ನು ಎದುರು ಕೂತವರು ತುಂಬಬೇಕು. ಮಾವನ ಭಜನೆಯ ಗೆಳೆಯರು ಇದನ್ನು ಯಾರೂ ಹೇಳಿಕೊಡದೆ ಮಾಡುತ್ತಿದ್ದರು. ಸಾಲು ಎತ್ತಿಕೊಂಡು, ಕೊನೆಯ ಪದಕ್ಕೆ ಬಾಯಿ ಮುಚ್ಚಿ, ತಾಳ ಮಾತ್ರ ಹಾಕುತ್ತ ಮಾವನ ಮುಖ ನೋಡುತ್ತಿದ್ದರು. ಮಾವ ಎಡಗೈಯಿಂದ ತೊಡೆ ತಟ್ಟಿ ಆ ಪದ ಹೇಳುತ್ತಿದ್ದರು.