ಐದು ಸಾವಿರವೋ, ಹತ್ತು ಸಾವಿರವೋ: ಕೊಡಗಿನ ಕಾರಿನ ಆಯಿಲ್ ಲೆಕ್ಕ

ಕೊಡಗು ರೈಲು ಕಾಣದ ಜಿಲ್ಲೆ. ಕಾಫಿ ಮೂಟೆ ಕಣದಿಂದ ಹೊರಡುವುದು, ಮಕ್ಕಳು ಶಾಲೆ ಸೇರುವುದು, ರೋಗಿ ಮೈಸೂರಿನ ಆಸ್ಪತ್ರೆ ತಲುಪುವುದು ಎಲ್ಲವೂ ರಸ್ತೆಯ ಮೇಲೆಯೇ. ಮನೆಗಳು ತೋಟದ ನಡುವೆ ಒಂದಕ್ಕೊಂದು ದೂರದಲ್ಲಿರುವುದರಿಂದ ಇಲ್ಲಿ ಕಾರು, ಜೀಪು ಅನುಕೂಲಕ್ಕಿಂತ ಹೆಚ್ಚಾಗಿ ಅಗತ್ಯ. ಇಂಥ ಕಡೆ ಎಂಜಿನ್ ಆಯಿಲ್ ಎಷ್ಟು ದಿನಕ್ಕೆ ಬದಲಿಸಬೇಕು ಎಂಬುದು ಮನೆಖರ್ಚಿನ ಪ್ರಶ್ನೆಯೂ ಹೌದು, ವಾಹನದ ಆಯುಷ್ಯದ ಪ್ರಶ್ನೆಯೂ ಹೌದು. ಹಳೆಯ ಮೆಕ್ಯಾನಿಕ್‌ಗಳು ‘ಐದು ಸಾವಿರಕ್ಕೆ ಚೇಂಜ್ ಮಾಡಿ’ ಎನ್ನುತ್ತಾರೆ. ಕಾರಿನ ಜೊತೆ ಬಂದ ಪುಸ್ತಕ ಹೆಚ್ಚಿನ ಕಾರುಗಳಿಗೆ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಎನ್ನುತ್ತದೆ. ಈ ಎರಡೂ ಅಂಕಿಗಳು ಎಲ್ಲಿಂದ ಬಂದವು ಎಂದು ಹುಡುಕುತ್ತ ಹೋದರೆ ಒಂದು ವಿಷಯ ನಿಚ್ಚಳವಾಗುತ್ತದೆ. ಆಯಿಲ್ ಕೆಡುವುದು ದೂರದಿಂದಲ್ಲ. ಎಂಜಿನ್ ಎಷ್ಟು ಹೊತ್ತು ಓಡಿತು, ಎಷ್ಟು ಸಲ ತಣ್ಣಗೆ ಎದ್ದಿತು ಎಂಬುದರಿಂದ. ಕಿಲೋಮೀಟರ್ ಎಂಬುದು ಆ ಲೆಕ್ಕಕ್ಕೆ ಬದಲಿಯಾಗಿ ಬಂದ ಅಂದಾಜು. ಬಯಲುಸೀಮೆಯಲ್ಲಿ ಹೊಂದುವ ಆ ಅಂದಾಜು ಕೊಡಗಿನ ಬಹುಪಾಲು ರಸ್ತೆಗಳಲ್ಲಿ ತಪ್ಪುತ್ತದೆ.

1908ರಲ್ಲಿ ಮಾರುಕಟ್ಟೆಗೆ ಬಂದ ಫೋರ್ಡ್ ಮಾಡೆಲ್ ಟಿ ಕಾರಿನ ಕೈಪಿಡಿಯಲ್ಲಿ, ಹೊಸ ಕಾರಿನ ಆಯಿಲನ್ನು 400 ಮೈಲಿಗೆ ಬಸಿದು ತೆಗೆಯಿರಿ, ಅನಂತರ ಸುಮಾರು 750 ಮೈಲಿಗೊಮ್ಮೆ ಬದಲಿಸಿ ಎಂಬ ಸೂಚನೆ ಇತ್ತು. ಅಂದರೆ ಹತ್ತಿರಹತ್ತಿರ 1,200 ಕಿ.ಮೀ. ಇದರಲ್ಲಿ ಅತಿಯಾದ ಎಚ್ಚರವೇನೂ ಇರಲಿಲ್ಲ. ಆ ಎಂಜಿನ್ನಿಗೆ ಆಯಿಲ್ ಪಂಪೂ ಇರಲಿಲ್ಲ, ಫಿಲ್ಟರೂ ಇರಲಿಲ್ಲ. ತಿರುಗುವ ಭಾಗಗಳೇ ಆಯಿಲನ್ನು ಎರಚಿಕೊಳ್ಳುತ್ತಿದ್ದವು. ಆಯಿಲ್ ಕೂಡ ಶುದ್ಧೀಕರಿಸಿದ ಖನಿಜ ತೈಲ ಮಾತ್ರ. ಮಸಿಯನ್ನು ತೇಲಿಸಿ ಹಿಡಿಯುವ, ಆಮ್ಲವನ್ನು ತಟಸ್ಥಗೊಳಿಸುವ ರಾಸಾಯನಿಕ ಅದರಲ್ಲಿ ಏನೂ ಇರಲಿಲ್ಲ. 1923ರಲ್ಲಿ ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಕಾರಿಗೆ ಆಯಿಲ್ ಫಿಲ್ಟರ್ ತಂದರು. 1930ರ ದಶಕದಲ್ಲಿ ಡೀಸೆಲ್ ಎಂಜಿನ್ನುಗಳ ಪಿಸ್ಟನ್ ರಿಂಗ್ ಅಂಟಿಕೊಳ್ಳುವುದನ್ನು ತಡೆಯಲು ಡಿಟರ್ಜೆಂಟ್ ಬೆರೆಸಿದ ಆಯಿಲ್ ಬಂತು. 1950ರ ದಶಕದಲ್ಲಿ ಚಳಿಗೂ ಬಿಸಿಗೂ ಒಗ್ಗುವ ಮಲ್ಟಿಗ್ರೇಡ್ ಆಯಿಲ್ ಬಂತು. ಪ್ರತಿ ಹೆಜ್ಜೆಗೂ ಅವಧಿ ಹಿಗ್ಗಿತು. ಅಮೆರಿಕದಲ್ಲಿ ಬಹುಕಾಲ ಊರ್ಜಿತವಾಗಿದ್ದ 3,000 ಮೈಲಿ ನಿಯಮ ನಮ್ಮ ಲೆಕ್ಕದಲ್ಲಿ 4,800 ಕಿ.ಮೀ. ಚಿಲ್ಲರೆ, ನಮ್ಮ ಐದು ಸಾವಿರಕ್ಕೆ ತೀರ ಹತ್ತಿರದ್ದು.

ನಮ್ಮಲ್ಲಿ ಐದು ಸಾವಿರ ಬೇರುಬಿಟ್ಟಿದ್ದು ವಿಲ್ಲಿಸ್ ಮೂಲದ ಮಹೀಂದ್ರ ಜೀಪು, ಅಂಬಾಸಿಡರ್, ಫಿಯಟ್‌ಗಳ ಕಾಲದಲ್ಲಿ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800 ಅದನ್ನು ಮನೆಮಾತಾಗಿಸಿತು. ಆ ಗಾಡಿಗಳ ಬಾನೆಟ್ ಕೆಳಗೆ ಏನು ನಡೆಯುತ್ತಿತ್ತು ಎಂದು ನೋಡಿದರೆ ಆ ಅಂಕಿಗೆ ಗೌರವ ಹುಟ್ಟುತ್ತದೆ. ಮಡಿಕೇರಿಯ ಚಳಿ ಮುಂಜಾನೆ ಚೋಕ್ ಎಳೆದು ಸ್ಟಾರ್ಟ್ ಮಾಡಿದಾಗ ಕಾರ್ಬುರೇಟರ್ ಅಳತೆಮೀರಿ ಪೆಟ್ರೋಲ್ ಸುರಿಯುತ್ತಿತ್ತು. ಉರಿಯದೆ ಉಳಿದದ್ದು ಸಿಲಿಂಡರಿನ ಗೋಡೆ ತೊಳೆದುಕೊಂಡು ಎಂಜಿನ್ನಿನ ತಳದ ಆಯಿಲ್ ತೊಟ್ಟಿಗೆ (ಸಂಪ್) ಇಳಿದು ಆಯಿಲನ್ನು ತೆಳುವಾಗಿಸುತ್ತಿತ್ತು. ಪೆಟ್ರೋಲಿನಲ್ಲಿ ಸೀಸ ಇತ್ತು. ಡೀಸೆಲಿನಲ್ಲಿ ಗಂಧಕ ಹೇರಳವಾಗಿತ್ತು, ಅದು ಉರಿದು ತೇವದೊಂದಿಗೆ ಸೇರಿದರೆ ಗಂಧಕಾಮ್ಲ. ಆ ಆಮ್ಲವನ್ನು ತಡೆಯುವ ಕ್ಷಾರಗುಣ ಆಯಿಲಿನಲ್ಲಿ ಒಂದು ಮಿತಿಯವರೆಗೆ ಮಾತ್ರ ಇರುತ್ತದೆ. ಅದು ತೀರಿದ ಮೇಲೆ ಬೇರಿಂಗಿನ ಲೋಹವೇ ಆಮ್ಲಕ್ಕೆ ಬಲಿ. ಐದು ಸಾವಿರಕ್ಕೆ ಆಯಿಲ್ ಬದಲಿಸಿದವರ ಎಂಜಿನ್ ಉಳಿಯಿತು, ಮುಂದೂಡಿದವರದ್ದು ಬಿಚ್ಚಬೇಕಾಯಿತು. ಹಳೆಯ ಮೆಕ್ಯಾನಿಕ್‌ಗಳ ಮಾತು ಈ ಅನುಭವದಿಂದ ಬಂದದ್ದು. ಅದನ್ನು ಹಣದಾಸೆ ಎಂದು ತಳ್ಳಿಹಾಕುವುದು ಅನ್ಯಾಯ.

ಆದರೆ ಆ ಅನುಭವದ ತಳಹದಿಯಾಗಿದ್ದ ಕಾರಣಗಳು ಒಂದೊಂದಾಗಿ ಕಳಚಿಕೊಂಡವು. 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸರಹಿತ ಪೆಟ್ರೋಲ್ ಬಂತು. ಅದೇ ಹೊತ್ತಿಗೆ ಕಾರ್ಬುರೇಟರ್ ಜಾಗದಲ್ಲಿ ಹನಿಹನಿಯನ್ನೂ ಅಳೆದು ಚಿಮ್ಮಿಸುವ ಇಂಜೆಕ್ಷನ್ ವ್ಯವಸ್ಥೆ ಕೂತಿತು. ಡೀಸೆಲಿನ ಗಂಧಕ 2000ದ ಸುಮಾರಿಗೆ ಹತ್ತು ಲಕ್ಷಕ್ಕೆ 2,500 ಪಾಲಿನಷ್ಟಿದ್ದದ್ದು, 2017ರಲ್ಲಿ ವಾಹನದ ಹೊಗೆ ನಿಯಂತ್ರಿಸುವ ಭಾರತ್ ಸ್ಟೇಜ್ 4 ಮಾನದಂಡ ದೇಶಕ್ಕೆಲ್ಲ ಅನ್ವಯವಾದಾಗ 50ಕ್ಕೂ, 2020ರ ಏಪ್ರಿಲ್ 1ರಿಂದ ಸ್ಟೇಜ್ 6ರಲ್ಲಿ 10ಕ್ಕೂ ಇಳಿಯಿತು. ಆಯಿಲ್ ಕೂಡ ಸುಧಾರಿಸಿತು: 20ಡಬ್ಲ್ಯು-40 ದರ್ಜೆಯ ದಪ್ಪ ಆಯಿಲ್ ಕುಡಿಯುತ್ತಿದ್ದ ಗಾಡಿಗಳ ಜಾಗದಲ್ಲಿ ಈಗ 5ಡಬ್ಲ್ಯು-30, 0ಡಬ್ಲ್ಯು-20, 0ಡಬ್ಲ್ಯು-16 ದರ್ಜೆಯ ತೆಳು ಆಯಿಲ್ ಬೇಡುವ ಎಂಜಿನ್ನುಗಳಿವೆ. 10,000 ಎನ್ನುವ ಅಂಕಿ ನಿಂತಿರುವುದು ಈ ಎಲ್ಲ ಬದಲಾವಣೆಗಳ ಮೇಲೆ. ಇಂದಿನ ಕಾರಿಗೆ ಎಲ್ಲರೂ ಎಲ್ಲ ಕಡೆಯೂ ಐದು ಸಾವಿರವನ್ನೇ ಪಾಲಿಸಬೇಕೆಂದರೆ, ಮಾಯವಾದ ಕಾಯಿಲೆಗೆ ಮದ್ದು ಕುಡಿಯುತ್ತಲೇ ಇದ್ದಂತೆ.

ಹಾಗಾದರೆ ಪುಸ್ತಕದ ಮಾತೇ ಸರಿ ಎಂದು ಮುಗಿಸಬಹುದಿತ್ತು. ತೊಡಕು ಏನೆಂದರೆ, ಆ ಪುಸ್ತಕದ ಹತ್ತು ಸಾವಿರ ಸಾಮಾನ್ಯ ಬಳಕೆಗೆ ಹೇಳಿದ್ದು. ಅನೇಕ ಪುಸ್ತಕಗಳಲ್ಲಿ ಕೆಲವು ಪುಟ ಮುಂದೆ ‘ಕಠಿಣ ಬಳಕೆ’ ಎಂಬ ಇನ್ನೊಂದು ಪಟ್ಟಿ ಇರುತ್ತದೆ: ಮತ್ತೆ ಮತ್ತೆ ಸಣ್ಣ ಓಡಾಟ, ಕೆಸರು ಅಥವಾ ಒರಟು ರಸ್ತೆ, ಧೂಳು, ಭಾರ ಎಳೆಯುವುದು. ತೋಟದ ಮನೆಯ ಕಾರಿನ ವರ್ಷವನ್ನೇ ವರ್ಣಿಸಿದಂತಿದೆ ಈ ಪಟ್ಟಿ. ಬೆಳಿಗ್ಗೆ ಮಣ್ಣು ದಾರಿಯಲ್ಲಿ ಗೇಟಿನವರೆಗೆ ಹೋಗಿ ಮಕ್ಕಳನ್ನು ಬಸ್ಸಿಗೆ ಹತ್ತಿಸುವುದು, ಮಧ್ಯಾಹ್ನ ಕೆಲಸದವರ ಸಾಮಾನಿಗೆಂದು ಪೇಟೆಗೆ ಹೋಗಿಬರುವುದು, ಡಿಸೆಂಬರಿನಿಂದ ಕಾಫಿ ಕುಯ್ಲಿನ ಧೂಳು, ಜೂನಿನಿಂದ ಕೆಸರು. ಇವುಗಳಲ್ಲಿ ಜನ ಹೆಚ್ಚಾಗಿ ಬೈಯುವುದು ಘಾಟಿಯನ್ನು. ನಿಜವಾದ ಶತ್ರು ಅದಲ್ಲ. ಸಂಪಾಜೆಯಿಂದ ಮಡಿಕೇರಿಗೆ ಸುಮಾರು 25 ಕಿ.ಮೀ. ದೂರದಲ್ಲಿ ಸಾವಿರ ಮೀಟರಿನಷ್ಟು ಏರುವ ಎಂಜಿನ್ ಚೆನ್ನಾಗಿ ಕಾಯುತ್ತದೆ. ಆ ಕಾವಿಗೆ ಆಯಿಲಿನಲ್ಲಿ ಸೇರಿದ್ದ ನೀರು, ಪೆಟ್ರೋಲ್ ಆವಿಯಾಗಿ ಹೊರಟುಹೋಗುತ್ತದೆ. ಎಂಜಿನ್ ಕಾಯುವ ಮೊದಲೇ ಕೀ ತಿರುಗಿಸಿ ನಿಲ್ಲಿಸುವ ಎರಡು ಮೂರು ಕಿಲೋಮೀಟರಿನ ಓಡಾಟವೇ ಆಯಿಲನ್ನು ಕೆಡಿಸುವುದು.

ಇದರ ಲೆಕ್ಕ ಸರಳ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸರಿಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ. ಬಹುಪಾಲು ಸೈಲೆನ್ಸರಿನಿಂದ ಹಬೆಯಾಗಿ ಹೋಗುತ್ತದೆ; ಸ್ವಲ್ಪ ಪಾಲು ಪಿಸ್ಟನ್ ರಿಂಗುಗಳ ಪಕ್ಕದಿಂದ ನುಸುಳಿ ಕೆಳಗಿಳಿಯುತ್ತದೆ. ಎಂಜಿನ್ ತಣ್ಣಗಿದ್ದರೆ ಅದು ಅಲ್ಲೇ ಹನಿಗಟ್ಟುತ್ತದೆ. ಮಳೆಗಾಲದಲ್ಲಿ ಮಡಿಕೇರಿ, ಭಾಗಮಂಡಲದ ಕಡೆ ಹಗಲಲ್ಲೂ ತಾಪಮಾನ 20 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ, ಗಾಳಿಯೂ ತೇವದಿಂದ ತುಂಬಿರುತ್ತದೆ. ಜುಲೈಯಲ್ಲಿ ಇಂಥ ಕಾರಿನ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ತೆಗೆದು ಒಳಬದಿ ನೋಡಿದರೆ ಹಳದಿ ಮಿಶ್ರಿತ ಬಿಳಿ ನೊರೆ ಅಂಟಿರುವುದು ಕಾಣಬಹುದು. ಬೆರಳಿನಲ್ಲಿ ಒರೆಸಿದರೆ ಕೆನೆಯಂತೆ ಬರುತ್ತದೆ. ನೊರೆ ಮುಚ್ಚಳದಲ್ಲಿ ಮಾತ್ರ ಇದ್ದು, ಮಟ್ಟ ನೋಡುವ ಕಡ್ಡಿಯಲ್ಲಿ ಆಯಿಲ್ ಸ್ವಚ್ಛವಿದ್ದರೆ ಗಾಬರಿ ಬೇಡ. ಅರ್ಧ ಗಂಟೆಯ ಒಂದು ದೂರದ ಓಡಾಟ ಬೇಕೆಂದು ಎಂಜಿನ್ ಕೇಳುತ್ತಿದೆ ಎಂದಷ್ಟೇ ಅರ್ಥ. ಕಡ್ಡಿಯಲ್ಲೂ ಕೆನೆ ಕಂಡರೆ ಕೂಲೆಂಟ್ ಸೋರುತ್ತಿದೆಯೇ ಎಂದು ಅದೇ ದಿನ ತೋರಿಸಬೇಕು.

ಕೊಡಗಿನವರಿಗೆ ಸರಿಯಾದ ಅಳತೆಗೋಲು ಹೊರಗೆಲ್ಲೂ ಹುಡುಕಬೇಕಿಲ್ಲ, ಶೆಡ್ಡಿನಲ್ಲೇ ಇದೆ. ಟ್ರ್ಯಾಕ್ಟರಿನ ಮೀಟರು ಗಂಟೆ ಎಣಿಸುತ್ತದೆ. ಗದ್ದೆಯಲ್ಲಿ ಇಡೀ ದಿನ ಉತ್ತರೂ ಟ್ರ್ಯಾಕ್ಟರ್ ಸಾಗಿದ ದೂರ ಅಷ್ಟಕ್ಕಷ್ಟೇ. ಹಾಗಾಗಿ ಅದರ ಆಯಿಲಿಗೆ ಸಾಮಾನ್ಯವಾಗಿ 250 ಗಂಟೆ ಎಂಬ ಮಿತಿ ಇಡುತ್ತಾರೆ. ಈ 250 ಗಂಟೆಯನ್ನು ಕಾರಿಗೆ ಹಚ್ಚಿ ನೋಡೋಣ. ಗಂಟೆಗೆ ಸರಾಸರಿ 40 ಕಿ.ಮೀ. ವೇಗದಲ್ಲಿ ಓಡಿದ ಕಾರು 250 ಗಂಟೆಯಲ್ಲಿ 10,000 ಕಿ.ಮೀ. ಮುಟ್ಟುತ್ತದೆ. ಸರಾಸರಿ 20ರಲ್ಲಿ ಓಡಿದ್ದು 5,000 ಮುಟ್ಟುತ್ತದೆ. ಪುಸ್ತಕವೂ ಮೆಕ್ಯಾನಿಕ್ಕೂ ಜಗಳವಾಡುತ್ತಿದ್ದ ಎರಡು ಅಂಕಿಗಳು ಗಂಟೆಯ ಲೆಕ್ಕದಲ್ಲಿ ಒಂದೇ. ಟ್ರ್ಯಾಕ್ಟರ್ ಎಂಜಿನ್ನೇ ಬೇರೆ, ಕಾರಿನ ಎಂಜಿನ್ನೇ ಬೇರೆ ಎಂಬ ಆಕ್ಷೇಪ ಸರಿಯೇ. 250 ಎಂಬ ಸಂಖ್ಯೆಯನ್ನು ಕಾರಿಗೆ ಕಾಯಿದೆಯಾಗಿ ಹೇಳುತ್ತಿಲ್ಲ. ದೂರದ ಬದಲು ದುಡಿಮೆ ಅಳೆಯುವ ವಿಧಾನ ಮುಖ್ಯ. ಕಾರು ತಯಾರಕರೂ ಇದನ್ನು ಬಲ್ಲರು. ಅಮೆರಿಕದ ಜನರಲ್ ಮೋಟಾರ್ಸ್ 1980ರ ದಶಕದ ಕೊನೆಯಲ್ಲೇ, ಎಂಜಿನ್ ಎಷ್ಟು ಸುತ್ತು ತಿರುಗಿತು, ಎಷ್ಟು ಕಾವಿನಲ್ಲಿ ತಿರುಗಿತು ಎಂದು ಲೆಕ್ಕ ಹಾಕಿ ಆಯಿಲ್ ಬದಲಿಸಲು ದೀಪ ಹೊತ್ತಿಸುವ ವ್ಯವಸ್ಥೆಯನ್ನು ಕಾರುಗಳಲ್ಲಿ ಅಳವಡಿಸಿತ್ತು.

ಸಿಂಥೆಟಿಕ್ ಹಾಕಿದರೆ ಈ ತಲೆನೋವೇ ಇಲ್ಲ, ಯುರೋಪಿನಲ್ಲಿ 30,000 ಕಿ.ಮೀ. ಓಡಿಸುವುದಿಲ್ಲವೇ ಎಂದು ಕೇಳುವವರಿದ್ದಾರೆ. ಓಡಿಸುತ್ತಾರೆ, ಆದರೆ ಎರಡು ವರ್ಷದ ಮಿತಿಯೊಳಗೆ, ಆ ಎಂಜಿನ್ನಿಗೆಂದೇ ಹೇಳಿದ ಆಯಿಲ್ ಹಾಕಿ, ಬಳಕೆ ನೋಡಿ ಅವಧಿಯನ್ನು ತಗ್ಗಿಸುವ ಸೆನ್ಸರ್ ಇಟ್ಟುಕೊಂಡು, ಹೆದ್ದಾರಿಯ ದೂರ ಪ್ರಯಾಣಕ್ಕೆ. ಸಿಂಥೆಟಿಕ್ ಕಾವಿಗೆ ಬೇಗ ಕೆಡುವುದಿಲ್ಲ ಎಂಬುದು ನಿಜ. ಅದರೊಳಗೆ ಬಿದ್ದ ನೀರನ್ನೂ ಪೆಟ್ರೋಲನ್ನೂ ಅದು ಮಾಯಮಾಡಲಾರದು. ಇನ್ನು ಕೆಲವರು ಬಣ್ಣ ನೋಡಿ ತೀರ್ಮಾನಿಸುತ್ತಾರೆ. ಡೀಸೆಲ್ ಗಾಡಿಯ ಹೊಸ ಆಯಿಲ್ ಕೆಲವೇ ದಿನದಲ್ಲಿ ಕಪ್ಪಾಗುತ್ತದೆ. ಮಸಿಯನ್ನು ಎಂಜಿನ್ ಗೋಡೆಗೆ ಅಂಟಲು ಬಿಡದೆ ತನ್ನಲ್ಲಿ ಹಿಡಿದಿಟ್ಟುಕೊಂಡಿದೆ ಎಂಬುದರ ಗುರುತು ಅದು. ಬಣ್ಣಕ್ಕಿಂತ ಮಟ್ಟ ಹೆಚ್ಚು ಹೇಳುತ್ತದೆ. ಅದರಲ್ಲೂ ಸ್ಟೇಜ್ 6 ಡೀಸೆಲ್ ಕಾರಿನವರು ಇದನ್ನು ಕಡೆಗಣಿಸಬಾರದು. ಹೊಗೆಯ ಮಸಿ ಹಿಡಿಯುವ ಫಿಲ್ಟರನ್ನು ಸುಟ್ಟು ಸ್ವಚ್ಛ ಮಾಡಲು ಈ ಎಂಜಿನ್ನುಗಳಲ್ಲಿ ಹಲವು ಸಿಲಿಂಡರಿಗೆ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತವೆ. ಸಣ್ಣ ಓಡಾಟದಲ್ಲಿ ಆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ, ಡೀಸೆಲ್ ಆಯಿಲ್ ತೊಟ್ಟಿಗೆ ಇಳಿಯುತ್ತದೆ. ಕಡ್ಡಿಯಲ್ಲಿ ಆಯಿಲ್ ಮೇಲಿನ ಗುರುತನ್ನೂ ದಾಟಿ ಏರಿದ್ದರೆ ಅದನ್ನು ಒಳ್ಳೆಯ ಸುದ್ದಿ ಎಂದುಕೊಳ್ಳಬೇಡಿ. ಕಿಲೋಮೀಟರ್ ಎಷ್ಟೇ ಆಗಿರಲಿ, ಬದಲಿಸಿ.

ಹೇಗೂ ಬೇಗ ಬದಲಿಸಿದರೆ ನಷ್ಟವೇನು ಎಂಬ ಮಾತು ಎಂಜಿನ್ನಿನ ಮಟ್ಟಿಗೆ ಸರಿ, ಊರಿನ ಮಟ್ಟಿಗೆ ಅಲ್ಲ. ಒಂದು ಕಾರಿನಿಂದ ಪ್ರತಿ ಸಲ ಮೂರರಿಂದ ಐದು ಲೀಟರ್ ಹಳೆಯ ಆಯಿಲ್ ಹೊರಬರುತ್ತದೆ. ಗೆದ್ದಲು ಬಾರದಿರಲಿ ಎಂದು ಅದನ್ನು ಬೇಲಿಗೂಟಕ್ಕೆ ಬಳಿಯುವ ರೂಢಿ ಮಲೆನಾಡಿನಲ್ಲಿ ಇನ್ನೂ ಇದೆ. ಕ್ಯಾನ್ಸರ್ ತರಬಲ್ಲ ಸಂಯುಕ್ತಗಳೂ ಲೋಹದ ಕಣಗಳೂ ಇರುವ ಆ ಎಣ್ಣೆ ಮಳೆಗೆ ತೊಳೆದು ತೋಡಿಗೆ ಸೇರುತ್ತದೆ. ಕೊಡಗಿನ ಬಹುಪಾಲು ತೋಡುಗಳು ಸೇರುವುದು ಕಾವೇರಿಗೆ. ಕಾನೂನು ಇದನ್ನು ಅಪಾಯಕಾರಿ ತ್ಯಾಜ್ಯವೆಂದೇ ಪರಿಗಣಿಸುತ್ತದೆ, ಅಧಿಕೃತ ಮರುಬಳಕೆದಾರರಿಗೆ ಮಾತ್ರ ಕೊಡಬೇಕು. ಅಗತ್ಯವಿಲ್ಲದ ಪ್ರತಿಯೊಂದು ಬದಲಾವಣೆಯೂ ಈ ಹೊರೆಗೆ ಇನ್ನೊಂದು ಡಬ್ಬ ಸೇರಿಸುತ್ತದೆ. ಐದು ಸಾವಿರವನ್ನು ಎಲ್ಲರಿಗೂ ಹೇರಬಾರದು ಎನ್ನಲು ನನಗೆ ಹಣಕ್ಕಿಂತ ದೊಡ್ಡ ಕಾರಣ ಇದು.

ಆದ್ದರಿಂದ ಒಂದೇ ಜಿಲ್ಲೆಯಲ್ಲಿ ಎರಡು ಉತ್ತರ ಇರಲೇಬೇಕು. ಕುಶಾಲನಗರದಿಂದ ಮೈಸೂರಿಗೆ ನೇರ ಹೆದ್ದಾರಿಯಲ್ಲಿ ವಾರವಾರ ಹೋಗಿಬರುವ ಕಾರಿಗೆ ಪುಸ್ತಕದ 10,000 ಧಾರಾಳವಾಗಿ ಸಾಕು. ನಾಪೋಕ್ಲು, ಭಾಗಮಂಡಲದ ಕಡೆ ತೋಟಕ್ಕೂ ಪೇಟೆಗೂ ನಡುವೆಯೇ ಸುತ್ತುವ ಕಾರಿಗೆ, ಸೆಕೆಂಡ್ ಗೇರಿನಲ್ಲೇ ದಿನ ಕಳೆಯುವ ಮಾಂದಲಪಟ್ಟಿಯ ಜೀಪಿಗೆ ಅದರ ಅರ್ಧವೇ ಸರಿ. ಬೆಂಗಳೂರಿನಲ್ಲಿರುವ ಮಕ್ಕಳ ದಾರಿ ಕಾಯುತ್ತ ಶೆಡ್ಡಿನಲ್ಲೇ ನಿಂತಿರುವ ಕಾರು ಎರಡು ಸಾವಿರ ಓಡದಿದ್ದರೂ ವರ್ಷಕ್ಕೊಮ್ಮೆ ಬದಲಾವಣೆ ಬೇಕೇ ಬೇಕು, ವಾರಂಟಿ ಉಳಿಯಲೂ ಅದು ಅಗತ್ಯ. ಯಾವ ಗುಂಪಿಗೆ ಸೇರುತ್ತೀರಿ ಎಂಬುದನ್ನು ಹೊಸ ಕಾರುಗಳಲ್ಲಿ ಬಹಳಷ್ಟು ತಾವೇ ಹೇಳುತ್ತವೆ: ಆಯಿಲ್ ಬದಲಿಸಿದ ದಿನ ಮೀಟರಿನ ಸರಾಸರಿ ವೇಗವನ್ನು ಸೊನ್ನೆಗೆ ತಂದು ಬಿಡಿ, ಓಡಿದ ಕಿಲೋಮೀಟರನ್ನು ಆ ವೇಗದಿಂದ ಭಾಗಿಸಿದರೆ ಗಂಟೆ ಸಿಗುತ್ತದೆ. ವರ್ಷಕ್ಕೆ ಒಂದೇ ಸಲ ಬದಲಿಸುವವರು ಮಳೆಗಾಲಕ್ಕೆ ಮೊದಲೇ ಹೊಸ ಆಯಿಲ್ ಹಾಕುವ ಅಭ್ಯಾಸ ಬಿಡುವುದು ಒಳ್ಳೆಯದು. ನೀರು ಸೇರಿದ ಆಯಿಲನ್ನು ಮುಂದಿನ ಎಂಟು ತಿಂಗಳು ಹೊತ್ತು ತಿರುಗುವುದಕ್ಕಿಂತ, ಸೆಪ್ಟೆಂಬರಿನ ಕೈಲ್ ಮುಹೂರ್ತಕ್ಕೋ ಆಯುಧಪೂಜೆಗೋ ವಾಹನ ತೊಳೆಯುವಾಗಲೇ ಅದನ್ನೂ ಬಸಿದು ತೆಗೆಸಿ, ಹಳೆಯದನ್ನು ಗ್ಯಾರೇಜಿನ ಡ್ರಮ್ಮಿಗೇ ಬಿಟ್ಟು ಬನ್ನಿ.